ನನ್ನ ಕೈಲಿ ಮಾತ್ರ ಒಡೆಯೋ ಬಳೆ

"ಅಯ್ಯೋ! ನಿಧಾನ ಕಣಯ್ಯಾ!"

ಟಣ್ ಎಂದು ಮತ್ತೊಂದು ಬಳೆಯೂ ಒಡೆಯಿತು. ಮುನಿರತ್ನಳ ಮಣಿಕಟ್ಟಿನ ಮೇಲೆ ಸಾಸಿವೆಯಷ್ಟು ರಕ್ತ ಮೂಡಿತು.

ಬಳೆಗಾರ ಗಾಬರಿಯಾಗಿ ಹೆಗಲ ಮೇಲಿನ ಟವಲಿನಿಂದ ಅದನ್ನು ಒತ್ತಿ ಹಿಡಿದ. ಹಿಡಿದವನು ಬಿಡಲೇ ಇಲ್ಲ! ಅವನು ತಲೆಯೆತ್ತಿದ, ಅವಳು ತಲೆ ತಗ್ಗಿಸಿದಳು... ಕಣ್ಣು ಕಣ್ಣು ಕೂಡಿಬಿಟ್ಟವು.

"ಬಳೆಗಾರ ಅಂತೀಯ, ಬಳೆ ತೊಡ್ಸಕ್ಕೇ ಬರಲ್ವಲ್ಲಯ್ಯಾ ನಿಂಗೆ!" ಎಂದಳು ಬೇಕೆಂದೇ ಜೋರಾಗಿ.

"ಬತ್ತದಮ್ಮಾ... ಇವತ್ತೇನೋ ಕೈ ನನ್ ಮಾತೇ ಕೇಳ್ತಿಲ್ಲ," ಎಂದು ಅವನು ನಕ್ಕ.

ಆ ನಗುವೇ ಎಲ್ಲ ಕೆಡಿಸಿದ್ದು ನೋಡಿ. ಅವತ್ತಿನಿಂದ ಮುನಿರತ್ನಳಿಗೆ ಊಟ ರುಚಿಸಲಿಲ್ಲ.

ಅದು ಸಾವಿರದ ಒಂಬೈನೂರ ನಲವತ್ತೆರಡು, ಯುದ್ಧದ ಕಾಲ. ಮಿಲ್ಟ್ರಿ ರೈಲುಗಳು ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಲ್ಲುತ್ತಿದ್ದವು; ಸಿಪಾಯಿಗಳು ಇಳಿದು ಟೀ ಕುಡಿದು ಮುಂದೆ ಹೋಗುತ್ತಿದ್ದರು. ಆ ಟೀಗೆ ಹಾಲು ಹಾಕುವವಳು ನಮ್ಮ ಮುನಿರತ್ನ. ಪಕ್ಕದ ಹಳ್ಳಿಯಿಂದ ದಿನಾ ಬೆಳಿಗ್ಗೆ ತಲೆಯ ಮೇಲೆ ಹಾಲು ಹೊತ್ತು ಬರುತ್ತಿದ್ದಳು. ಅವಳ ಅಣ್ಣ ಸೊಣ್ಣಪ್ಪನೂ ಮಿಲ್ಟ್ರಿಗೆ ಸೇರಿದ್ದ. ಇವತ್ತಲ್ಲ ನಾಳೆ ಅವನ ರೈಲೂ ಇದೇ ದಾರಿಯಲ್ಲಿ ಬರ್ಮಾ ಕಡೆಗೆ ಹೋಗಬೇಕಿತ್ತು.

ಬಳೆಗಾರ ಕೋದಂಡ ಮಾತ್ರ ಊರಿಗೆ ಹೊಸಬ. ಮುಳಬಾಗಿಲ ಕಡೆಯವನಂತೆ. ಬಳೆಗಾರನೆಂದ ಮೇಲೆ ಹೆಂಗಸರ ಕೈ ಹಿಡಿಯದೆ ಇರುತ್ತಾನೆಯೇ? ಅದು ಅವನ ಕಸುಬು. ಆದರೆ ಮನಸ್ಸಿಗೆ ಅದನ್ನು ಹೇಳುವವರು ಯಾರು! ಅವನು ಮುದುಕಿಯ ಕೈ ಹಿಡಿದರೂ ಮುನಿರತ್ನಳ ಮೈ ಉರಿಯುತ್ತಿತ್ತು. ಇನ್ನು ಕನಕಮ್ಮನ ಕೈ ಹಿಡಿದರೆ?

ಕನಕಮ್ಮ ಸ್ಟೇಷನ್ನಿನ ಎದುರು ಇಡ್ಲಿ ಅಂಗಡಿ ಇಟ್ಟವಳು. ಲಕ್ಷಣವಾದ ಹೆಂಗಸು. ಗಂಡ ದುಡಿಯಲು ಮಲಯಾಕ್ಕೆ ಹೋದವನು, ಯುದ್ಧ ಶುರುವಾದ ಮೇಲೆ ಸುದ್ದಿಯೇ ಇಲ್ಲ. ಕೋದಂಡ ಬೇರೆಯವರ ಜಗಲಿಯ ಮೇಲೆ ಒಂದು ಗಳಿಗೆ ಕೂತರೆ ಅವಳ ಜಗಲಿಯಲ್ಲಿ ಹೊತ್ತು ಮುಳುಗುವವರೆಗೂ ಕೂರುತ್ತಿದ್ದ.

'ಅಲ್ಲೇನು ಬೆಲ್ಲ ಅಂಟಿಸಿದ್ದಾಳಾ?' ಎಂದು ಮುನಿರತ್ನ ಹಲ್ಲು ಕಚ್ಚುತ್ತಿದ್ದಳು.

ಒಂದು ದಿನ ಅವಳು ಹಾಲಿನ ಪಾತ್ರೆ ಹೊತ್ತು ಹೋಗುವಾಗ ಕನಕಮ್ಮ ಜಗಲಿಯಿಂದಲೇ ಕೂಗಿದಳು. "ಏನೇ ರತ್ನಾ, ನಾಳಿಕ್ಕೂ ಇಷ್ಟೇನಾ ಹಾಲು?"

ಕೋದಂಡ ಅಲ್ಲೇ ಕೂತಿದ್ದ. ಅವನ ಮುಂದೆ ತಾನೇನು ಕಮ್ಮಿಯೇ!

"ಇಷ್ಟೇನಾ? ನಾಳಿಕ್ಕೆ ಊರಾಗಿರೋ ಹಾಲೆಲ್ಲ ಸ್ಟೇಷನ್ಗೇ ಬೇಕಂತೆ! ನಂಗೇ ಏಳವ್ರೆ, ನಾನೇ ಒಟ್ಟು ಮಾಡ್ಬೇಕು!"

ಕನಕಮ್ಮನ ಮುಖ ಅರಳಿತು. ಕೋದಂಡನ ಮುಖ ಯಾಕೋ ಬಾಡಿತು. ಅವಳ ನಗು ತನ್ನನ್ನು ಹಂಗಿಸಿದ್ದೆಂದೇ ತಿಳಿದ ಮುನಿರತ್ನ ಮೂತಿ ತಿರುವಿ ನಡೆದಳು.

ಅದೇ ವಾರ ಇನ್ನೊಂದು ಕಂಡಿತು. ಮಿಲ್ಟ್ರಿ ಸಾಹೇಬನೊಬ್ಬ ದಾರಿಯಲ್ಲಿ ಹಾದುಹೋದ. ಕೋದಂಡ ಬಳೆಗಳ ಮಲಾರ ಬಿಟ್ಟು ಎದ್ದು, ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತುಬಿಟ್ಟ! ಮರುಗಳಿಗೆಯೇ ಬೆನ್ನು ಬಗ್ಗಿಸಿ ಮೊದಲಿನಂತಾದ.

ಮುನಿರತ್ನ ಇದನ್ನು ಎಲ್ಲಿ ನೋಡಿದ್ದಳು ಗೊತ್ತೇ? ಮನೆಯಲ್ಲಿ! ರಜೆಗೆ ಬಂದಾಗ ಸೊಣ್ಣಪ್ಪ ಪಟೇಲರನ್ನು ಕಂಡರೂ ಹೀಗೇ ನಿಲ್ಲುತ್ತಿದ್ದ.

'ಇವನು ಬಳೆಗಾರನಲ್ಲ, ಸಿಪಾಯಿ! ದಂಡು ಬಿಟ್ಟು ಓಡಿಬಂದಿದ್ದಾನೆ... ಅವಳ ಸೆರಗಿನ ಮರೆಯಲ್ಲಿ ಅವಿತಿದ್ದಾನೆ!'

ಆದರೂ ಬಾಯಿ ಬಿಡಲಿಲ್ಲ ಪಾಪ. ಹಿಡಿದುಕೊಂಡು ಹೋದರೆ ಅವನ ಗತಿಯೇನು ಎಂಬ ಕರುಳು. ಆದರೆ ಮಾರನೆಯ ಸಂಜೆ ಕಂಡದ್ದು ಆ ಕರುಳನ್ನೂ ಸುಟ್ಟಿತು.

ಕೋದಂಡ ಕನಕಮ್ಮನ ಕೈ ಹಿಡಿದು ಹಸಿರು ಬಳೆ ತೊಡಿಸುತ್ತಿದ್ದ. ಒಂದಾದ ಮೇಲೆ ಒಂದು, ಬೆಣ್ಣೆ ಜಾರಿದಂತೆ ಜಾರುತ್ತಿದ್ದವು. ಒಂದಾದರೂ ಟಣ್ ಎನ್ನಲಿಲ್ಲ!

'ನನ್ನ ಕೈಗೆ ಮಾತ್ರ ಒಡೆಯುತ್ತೆ... ಇವಳ ಕೈಯನ್ನು ಅಷ್ಟು ಜೋಪಾನವಾಗಿ ಹಿಡೀತಾನೆ!'

ತಡೆಯಲಾಗಲಿಲ್ಲ. ನಡುಬೀದಿಯಲ್ಲೇ ಕೂಗಿಬಿಟ್ಟಳು.

"ಯಾರ್ ಕಣ್ಗೆ ಮಣ್ಣೆರಚ್ತೀಯಾ? ನೀನು ಬಳೆಗಾರ ಅಲ್ಲ! ದಂಡು ಬುಟ್ಟು ಓಡಿಬಂದ ಕಳ್ಳ! ಇವ್ಳಿಗೋಸ್ಕರ ಬಂದು ಸೇರ್ಕೊಂಡಿದ್ದೀಯ!"

ಬೀದಿಯವರೆಲ್ಲ ತಿರುಗಿ ನೋಡಿದರು. ಕೋದಂಡನ ಮುಖ ಬಿಳಿಚಿಕೊಂಡಿತು. ಅವಳನ್ನೇ ನೋಡಿದ.

ಕನಕಮ್ಮ ಏನು ಮಾಡಬೇಕು? ಅವನ ರಟ್ಟೆ ಹಿಡಿದು, "ಒಳಿಕ್ ಬಾಪ್ಪಾ ಮೊದ್ಲು!" ಎಂದು ಒಳಗೆಳೆದು ಬಾಗಿಲು ಹಾಕಿಕೊಂಡಳು!

ಆ ಬಾಗಿಲು ಮುನಿರತ್ನಳ ಎದೆಯ ಮೇಲೇ ಬಿದ್ದಂತಾಯಿತು.

ಎರಡು ದಿನ ಕಳೆದಿರಬಹುದು. ಮಿಲ್ಟ್ರಿ ಲಾರಿಯೊಂದು ಬಂದು ಇಡ್ಲಿ ಅಂಗಡಿಯ ಮುಂದೆ ನಿಂತಿತು. ಕನಕಮ್ಮನನ್ನು ಹತ್ತಿಸಿದರು. ಅಲ್ಲೇ ಕೂತಿದ್ದ ಅಕ್ಕಿ ಮಂಡಿಯ ಕುಪ್ಪುಸ್ವಾಮಿಯನ್ನೂ ಹತ್ತಿಸಿದರು. ಕೊನೆಗೆ ಕೋದಂಡನನ್ನು ಕೈಗೆ ಹಗ್ಗ ಕಟ್ಟಿ ಎಳೆದು ತಂದರು.

ಮುನಿರತ್ನ ಹಾಲಿನ ಪಾತ್ರೆ ಅಲ್ಲೇ ಬಿಟ್ಟು ಓಡಿದಳು. "ನಾನು ಯಾರ್ಗೂ ಓಗಿ ಏಳಿಲ್ಲ... ಬೇಕಂತ ಮಾಡ್ಲಿಲ್ಲ..."

ಅವನು ಅವಳ ಬರಿಗೈಯನ್ನೊಮ್ಮೆ ನೋಡಿದ. ಲಾರಿ ಹೊರಟುಹೋಯಿತು.

'ಅವನು ಯಾರನ್ನಾದರೂ ಕಟ್ಟಿಕೊಳ್ಳಲಿ, ಬದುಕಿರಲಿ ಸಾಕಿತ್ತಲ್ಲ ದೇವರೇ! ನನ್ನ ಹಾಳು ಹೊಟ್ಟೆಕಿಚ್ಚೇ ಅವನನ್ನು ಹಿಡಿದುಕೊಟ್ಟಿತು...'

ರಾಗಿ ಕೊಯ್ಲು ಮುಗಿಯಿತು. ಸೊಣ್ಣಪ್ಪ ಬರ್ಮಾ ಗಡಿ ಸೇರಿದ ಸುದ್ದಿ ಬಂತು. ಕ್ಯಾಸಂಬಳ್ಳಿಯಿಂದ ಹೆಣ್ಣು ನೋಡಲು ಬರುವವರಿದ್ದರು. ತಾಯಿ ಮುನಿಗಂಗಮ್ಮ ಗೋಳಾಡಿದಳು. "ಬೋಳುಗೈ ಇಟ್ಕೊಂಡು ಅವ್ರ ಮುಂದೆ ಎಂಗೇ ಕೂತ್ಕೊಂತೀಯ? ಬಳೆಯಾದ್ರೂ ತೊಟ್ಕೊಳ್ಳೇ!"

ಎಷ್ಟು ಬಳೆಗಾರರು ಬಂದರೂ ಮುನಿರತ್ನ ಕೈ ಚಾಚಲಿಲ್ಲ.

ಆ ದಿನ ಬೀದಿಯಲ್ಲಿ ಕೂಗು ಕೇಳಿತು. "ಬಳೇ... ಬಳೆಯಮ್ಮೋ...!"

ಕೈಯಲ್ಲಿದ್ದ ಮೊರ ಬಿತ್ತು. ಆ ದನಿ!

ಹೊರಗೆ ಓಡಿದಳು. ಮೈಮೇಲೆ ಖಾಕಿ, ಹೆಗಲ ಮೇಲೆ ಅದೇ ಬಳೆ ಮಲಾರ. ನಗುತ್ತ ನಿಂತಿದ್ದ ಕೋದಂಡ.

"ಬುಟ್ಬುಟ್ರಾ ನಿನ್ನ?" ಎಂದಳು.

"ಇಡ್ಕೊಂಡಿದ್ರೆ ತಾನೇ ಬುಡೋದು? ಆ ಹಗ್ಗ ಊರೋರು ನೋಡ್ಲಿ ಅಂತ ಕಟ್ಟಿದ್ದು." ಜಗಲಿಯ ಮೇಲೆ ಕೂತು ದನಿ ತಗ್ಗಿಸಿದ. "ದಂಡಿನಾಗೆ ಗುಪ್ತಚರರು ಅಂತ ಅವ್ರೆ ರತ್ನಾ. ನಾನು ಆ ಕೆಲ್ಸದೋನು. ಮಿಲ್ಟ್ರಿ ರೈಲು ಬರೋ ಸುದ್ದಿ ಮೊದ್ಲೇ ಹೊರಿಕ್, ಶತ್ರುಗಳ್ಗೆ ಓಗ್ತಿತ್ತು. ನಮ್ದು ಬಳೆಗಾರ್ರ ಮನೇನೇ ಅಲ್ವಾ? ಯಾರ ಜಗಲಿ ಮ್ಯಾಲೂ ಕೂತ್ಕೊಬೋದು ಅಂತ ನನ್ನ ಕಳ್ಸಿದ್ರು."

"ಯಾರು... ಯಾರು ಏಳ್ತಿದ್ರು ಸುದ್ದಿ?"

ಕೋದಂಡ ಜಗಲಿಯ ಮೂಲೆಯಲ್ಲಿದ್ದ ಅವಳ ಪಾತ್ರೆಯ ಕಡೆ ಕೈ ತೋರಿಸಿದ. "ಹಾಲು."

ಮುನಿರತ್ನ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹಾಲು ಜಾಸ್ತಿ ಕೇಳಿದರೆ ಟೀ ಜಾಸ್ತಿ. ಟೀ ಜಾಸ್ತಿಯಾದರೆ ಸಿಪಾಯಿಗಳು ಜಾಸ್ತಿ. ಅದನ್ನು ಬೀದಿಯಲ್ಲಿ ಸಾರಿದವಳು ತಾನೇ! ಅಣ್ಣನ ರೈಲಿನ ಸುದ್ದಿಯನ್ನೂ ಹಾಗೇ ಸಾರಿಬಿಡುತ್ತಿದ್ದಳೇನೋ!

"ನೀನು ಬೇಕಂತ ಏಳ್ಲಿಲ್ಲ, ನಂಗೊತ್ತು. ಕನಕಮ್ಮನೂ ಪಾಪ, ಏನೂ ಅರೀದೋಳು. ಗಂಡನ್ ಸುದ್ದಿ ತರುಸ್ಕೊಡ್ತೀನಿ ಅಂತ ಕುಪ್ಪುಸ್ವಾಮಿ ಆಸೆ ತೋರ್ಸಿ ಅವ್ಳ ಬಾಯಿಂದ ಎಲ್ಲಾ ತಿಳ್ಕೊಂತಿದ್ದ. ಅವ್ನು ಮಾತ್ರ ನನ್ ಕಣ್ಗೇ ಬೀಳ್ತಿರಲಿಲ್ಲ. ನೀನು ದಂಡು ಬುಟ್ಟೋನು ಅಂತ ಕೂಗಿದ್ಯಲ್ಲಾ... ಇವ್ನಿಂದ ಇನ್ನೂ ಸುದ್ದಿ ಸಿಕ್ತದೆ ಅಂತ ತಾನಾಗೇ ಬಂದು ಕೂತ! ನಿನ್ನ ಹೊಟ್ಟೆಕಿಚ್ಚಿಗೆ ನಮ್ ಸಾಹೇಬ್ರು ಸಲಾಂ ಹೊಡೀಬೇಕು."

ಅವಳಿಗೆ ಅಳುವೂ ಬಂತು, ನಗುವೂ ಬಂತು. ಆದರೆ ಒಂದು ಮುಳ್ಳು ಇನ್ನೂ ಒಳಗೇ ಇತ್ತಲ್ಲ!

"ಎಲ್ಲಾ ಸರಿ. ಅವ್ಳ ಕೈಗೆ ಬಳೆ ಅಷ್ಟು ನಯವಾಗಿ ತೊಡ್ಸಿದ್ಯಲ್ಲಾ? ಒಂದೂ ಒಡೀಲಿಲ್ಲ! ನನ್ ಕೈ ಏನ್ ಪಾಪ ಮಾಡಿತ್ತು?"

ಕೋದಂಡ ತಲೆ ತಗ್ಗಿಸಿದ. ಕುಪ್ಪುಸ್ವಾಮಿಯ ಮುಂದೆ ಹೆದರದವನ ದನಿ ಈಗ ತಡವರಿಸಿತು.

"ಅವ್ಳ ಕೈ ಇಡಿಯೋದು ಕೆಲ್ಸ ಕಣೇ. ಕೆಲ್ಸದಾಗೆ ಕೈ ನಡುಗಲ್ಲ. ನಿನ್ ಕೈ ಮುಟ್ಟಿದ್ರೆ ಮಾತ್ರ..." ಬಲಗೈಯನ್ನು ಅವಳ ಮುಂದೆ ಚಾಚಿದ. "ನೋಡು, ಇನ್ನೂ ಮುಟ್ಟೇ ಇಲ್ಲ."

ಅವನ ಬೆರಳುಗಳು ನಡುಗುತ್ತಿದ್ದವು.

ಇಷ್ಟು ದಿನ ಯಾವುದನ್ನು ನೆನೆದು ಉರಿದಿದ್ದಳೋ, ಅದರ ಗುಟ್ಟು ಇದಾಗಿತ್ತೇ! ಮುನಿರತ್ನ ಬೋಳುಗೈಯನ್ನು ಅವನ ಕೈಯಲ್ಲಿಟ್ಟಳು.

"ನಿನ್ನ ನೋಡಕ್ಕೆ ಬತ್ತವ್ರಂತೆ, ಊರಾಗೆ ಕೇಳ್ದೆ. ಕ್ಯಾಸಂಬಳ್ಳಿಯೋರು ಬರಾದು ಬ್ಯಾಡ ಅಂತ ಅಮ್ಮಂಗೆ ಏಳ್ಲಾ?" ಎಂದ ಕೋದಂಡ.

"ಮೊದ್ಲು ಬಳೆ ತೊಡ್ಸು. ಆಮ್ಯಾಕೆ ಏಳು."

ಅವನು ಹಸಿರು ಬಳೆಯೊಂದನ್ನು ತೆಗೆದು, ಉಸಿರು ಬಿಗಿಹಿಡಿದು ಗಿಣ್ಣಿನ ತನಕ ತಂದ...

ಟಣ್!

"ಅಯ್ಯೋ ನಿನ್ನ!" ಮುನಿರತ್ನ ಕಣ್ಣೀರಿನಲ್ಲೇ ನಕ್ಕಳು.

"ಮದುವೆ ಆಗಿ ವರ್ಸ ಕಳೆದ್ರೆ ನಡುಕ ನಿಲ್ತದೆ ಬುಡು," ಎಂದ ಅವನು ನಾಚಿಕೊಂಡು.

"ನಿಂತ್ರೆ ನಿಲ್ಲಲಿ," ಎಂದು ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅವತ್ತು ಕೇಳ್ತೀನಿ, ಯಾವಳ ಕೈ ಇಡ್ಕೊಂಡು ಬಂದೆ ಅಂತ!"