ಕಶ್ಕಾ-ಬೆಲ್ ಘಾಟಿಯ ಕುರುಡು ಗಾಡಿ

ಮೊದಲು ಬೆಳಕು ಹೋಯಿತು. ಆಮೇಲೆ ಸದ್ದು.

ಹದಿನೈದು ಟನ್ ತೂಕದ ಗಾಡಿ ಬೆಂಕಿಪೊಟ್ಟಣದ ಹಾಗೆ ಪಕ್ಕಕ್ಕೆ ಜಾರಿತು. ನನ್ನ ಹಣೆ ಕಬ್ಬಿಣಕ್ಕೆ ಬಡಿಯಿತು. ಎಂಟು ಚಕ್ರಗಳೂ ಏನನ್ನೋ ಕಚ್ಚಿ ಹಿಡಿದವು...

ನಿಂತಿತು.

"ಎಂಜಿನ್ ನಿಲ್ಲಿಸು," ಎಂದೆ.

"ನಿಲ್ಸಿದೆ, ಎಜೆ." ಮುಂದಿನ ಸೀಟಿನಿಂದ ಸಾಗಿನ್‌ನ ದನಿ. "ಹೊಗೆ ಕೊಳವೆ ಹಿಮದಲ್ಲಿ ಹೂತೋಗಿದೆ. ಇನ್ನೊಂದ್ ಸ್ವಲ್ಪ ಹೊತ್ತು ಓಡಿದ್ರೆ ಮೂರೂ ಜನ ನಿದ್ದೆ ಹೋಗ್ತಿದ್ವಿ. ಏಳದೇ ಇರೋ ನಿದ್ದೆ."

ಎಜೆ ಎಂದರೆ ಅಕ್ಕ. ಬೇಡಿ ತೊಡಿಸಿದವಳನ್ನೂ ನಮ್ಮವರು ಅಕ್ಕ ಎಂದೇ ಕರೆಯುತ್ತಾರೆ.

ಅವನು ತಲೆಯ ಮೇಲಿನ ಮುಚ್ಚಳಕ್ಕೆ ಭುಜ ಕೊಟ್ಟ. ಅಲುಗಲಿಲ್ಲ. ನಾನು ಪಕ್ಕದ ಬಾಗಿಲು ಒದ್ದೆ. ಗೋಡೆಗೆ ಒದ್ದಂತಾಯಿತು.

"ಹಿಮಕುಸಿತ." ಹಿಂದಿನ ಬೆಂಚಿನಿಂದ ಮೂರನೆಯ ದನಿ. ಕರ್ನಲ್ ಮುರಾತಾಲಿ. ಸೂಪು ಆರಿಹೋಗಿದೆ ಎನ್ನುವಷ್ಟೇ ತಣ್ಣಗೆ ಹೇಳಿದರು. "ಮಾರ್ಚಲ್ಲಿ ಕಶ್ಕಾ-ಬೆಲ್ ಹಿಂಗೇನೇ. ನಾಳೆ ಹೊರಡು ಅಂತ ಫೋನಲ್ಲೇ ಅಂದಿದ್ದೆ, ಬುರುಲ್. ನೀನು ಯಾರ ಮಾತು ಕೇಳ್ತೀಯ?"

"ನೀವು ನಾಳೆ ಹೊರಡಬಹುದಿತ್ತಲ್ಲ, ಬಾಯ್ಕೆ?"

ಅವರು ನಕ್ಕರು. ಹಿರಿಯರನ್ನು ಅಣ್ಣ ಎಂದು ಕರೆದು ಚುಚ್ಚಿದರೆ ಅವರು ನಗಲೇಬೇಕು.

ಕೇಳಿ. ಆ ಕಬ್ಬಿಣದ ಡಬ್ಬಿಯೊಳಗೆ ನಾವು ಮೂವರು. ನಾನು, ಸೇನೆಯೊಳಗಿನ ಕಳ್ಳತನಗಳನ್ನು ಹುಡುಕುವವಳು. ಸಾಗಿನ್, ನನ್ನ ಕೈದಿ. ಅವನನ್ನೂ ಗಾಡಿಯನ್ನೂ ಗಡಿಯ ಠಾಣೆಯಿಂದ ವಿಚಾರಣೆಗೆ ಒಯ್ಯುತ್ತಿದ್ದೆ. ಗಾಡಿ ಓಡಿಸಲು ಬರುತ್ತಿದ್ದುದು ಅವನೊಬ್ಬನಿಗೇ. ಹಾಗಾಗಿ ಅವನ ಬೇಡಿ ನನ್ನ ಜೇಬಿನಲ್ಲಿತ್ತು. ಕರ್ನಲ್, ಸೇನೆಯ ಉಗ್ರಾಣದ ಯಜಮಾನರು. ಘಾಟಿಯ ನೆತ್ತಿಯಲ್ಲಿ ಅವರ ಜೀಪು ಹೂತಿತ್ತು. ಅದನ್ನು ಎತ್ತಲು ಇಬ್ಬರು ಸೈನಿಕರನ್ನು ಬಿಟ್ಟು, ನಮ್ಮ ಗಾಡಿಗೆ ಕೈ ಅಡ್ಡ ಹಿಡಿದು ಹತ್ತಿದ್ದರು.

ಕೇಸು ಆ ಗಾಡಿಯದೇ.

ಶರತ್ಕಾಲದಲ್ಲಿ ಮಾಸ್ಕೋ ಕೊಟ್ಟ ನೆರವು ಅದು. ಹಳೆಯ ಬಿಟಿಆರ್ ಉಕ್ಕಿನ ಕವಚದ ಗಾಡಿಯ ಮೈ, ಒಳಗೆಲ್ಲ ಹೊಸದು. ಮುನ್ನೂರು ಕುದುರೆಶಕ್ತಿಯ ಎಂಜಿನ್. ಮೂವತ್ತು ಮಿಲಿಮೀಟರ್ ಫಿರಂಗಿ. ಜೊತೆಗೆ ಮಂಜಿನಲ್ಲೂ ಕತ್ತಲಲ್ಲೂ ಮೈಶಾಖ ಹಿಡಿದು ಮನುಷ್ಯನನ್ನು ತೋರಿಸುವ ಥರ್ಮಲ್ ಕ್ಯಾಮೆರಾ. ರೈಲಿನಿಂದ ಇಳಿಯುವಾಗ ಬ್ಯಾಂಡು ಬಾರಿಸಿದರು. ಭಾಷಣಗಳಾದವು. ಗಾಡಿ ಉಗ್ರಾಣಕ್ಕೆ ಹೋಯಿತು, ಉಗ್ರಾಣದಿಂದ ಗಡಿಯ ಠಾಣೆಗೆ ಬಂತು.

ಬಂದದ್ದು ಕುರುಡಾಗಿ. ಕ್ಯಾಮೆರಾ ಇರಬೇಕಾದ ಜಾಗದಲ್ಲಿ ಹಳೆಯ ಗಾಜಿನ ದುರ್ಬೀನು ಕೂತಿತ್ತು.

ಫೆಬ್ರವರಿಯಲ್ಲಿ, ಒಂದು ಮಂಜಿನ ಬೆಳಗ್ಗೆ, ಗಡಿಯಾಚೆಯಿಂದ ಬಂದೂಕಿನವರು ನುಸುಳಿದರು. ಗನ್ನರ್ ನಸೀಪ್‌ಗೆ ಒಳಗಿನಿಂದ ಏನೂ ಕಾಣಲಿಲ್ಲ. ನೋಡೋಣವೆಂದು ತಲೆ ಹೊರಗೆ ಹಾಕಿದ.

ಅಷ್ಟೇ.

ಉಗ್ರಾಣದವರು ಹೇಳಿದ್ದು: ಕ್ಯಾಮೆರಾ ಸಮೇತ ಕಳಿಸಿದ್ದೇವೆ, ಅದರ ಡ್ರೈವರ್ ಸಾರ್ಜೆಂಟ್ ಸಾಗಿನ್ ಮಾರಿಕೊಂಡಿದ್ದಾನೆ. ಸಾಗಿನ್ ಹೇಳಿದ್ದು: ಬಂದದ್ದೇ ಹೀಗೆ. ಕರ್ನಲ್ ಹೇಳಿದ್ದು: ನಾನಾಗ ರಜೆಯಲ್ಲಿದ್ದೆ, ಆ ಗಾಡಿಯ ಮುಖವನ್ನೇ ನೋಡಿಲ್ಲ. ಕರ್ನಲ್ ಮಾತಿಗೂ ಸಾರ್ಜೆಂಟ್ ಮಾತಿಗೂ ತಕ್ಕಡಿ ಒಂದೇ ಅಲ್ಲ. ಸಾಗಿನ್‌ಗೆ ಕಾದಿದ್ದುದು ಹದಿನೈದು ವರ್ಷದ ಜೈಲು.

"ಚಳಿ ಆಗ್ತಿದೆಯಾ, ಎಜೆ?" ಸಾಗಿನ್ ಕೇಳಿದ. "ಏಸಿ ಹಾಕ್ಲಾ? ಹೊಸದಾಗಿ ಕೂರಿಸವ್ರೆ. ಇಂಥ ಚಳೀಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತೆ."

"ರೇಡಿಯೋ?"

"ಆಂಟೆನಾ ಮುರಿದಿದೆ. ಬರೀ ಗೊರಗೊರ."

"ಮತ್ತೆ ಏನಿದೆ ನಿನ್ನ ಹತ್ರ?"

ಅವನು ಸ್ವಲ್ಪ ಯೋಚಿಸಿದ. "ಫಿರಂಗಿ ಇದೆ. ಹೊಡೆಯೋಕಲ್ಲ... ಬಾಯಲ್ಲಿ ಹಿಮ ತುಂಬಿರುತ್ತೆ, ಹೊಡೆದ್ರೆ ನಳಿಗೆ ಸಿಡಿಯುತ್ತೆ. ಆದ್ರೆ ಇದು ಹಳೇದಕ್ಕಿಂತ ಮೇಲಕ್ಕೆ ಏಳುತ್ತೆ. ಹಿಮ ಗಟ್ಟಿಯಾಗೋಕೆ ಮುಂಚೆ ಎತ್ತಿದ್ರೆ ತುದಿ ಹೊರಗೆ ಬರಬಹುದು. ನೀವು ಕೂತಿರೋದೇ ಗನ್ನರ್ ಸೀಟು."

ಅದು ನಸೀಪ್‌ನ ಸೀಟು. ಫಿರಂಗಿ ಹೊತ್ತು ತಿರುಗುವ ಗೋಪುರದಿಂದ ಜೋತುಬಿದ್ದ ಸೀಟು. ಗೋಪುರ ತಿರುಗಿದರೆ ಅದೂ ತಿರುಗುತ್ತದೆ. ಟಾರ್ಚ್ ಹಚ್ಚಿದೆ. ಸಾಗಿನ್ ಹೇಳಿಕೊಟ್ಟ ಹಿಡಿಕೆಯನ್ನು ಹಿಂದಕ್ಕೆ ಎಳೆದೆ.

ಮೋಟಾರು ನರಳಿತು. ನಿಂತಿತು. ಮತ್ತೆ ನರಳಿತು.

"ಎಳೀರಿ ಎಜೆ. ಬ್ಯಾಟರಿ ಇದೆ."

"ಬ್ಯಾಟರಿ ಸುಟ್ಟೋದ್ರೆ ನಾವೆಲ್ಲ ಹೆಣ," ಎಂದರು ಕರ್ನಲ್.

"ಸುಡದೇ ಇದ್ರೂ ಅಷ್ಟೇ."

ಎಳೆದೆ. ತಲೆಯ ಮೇಲೆ ಹಿಮ ಕಿರುಗುಟ್ಟಿತು. ಆಮೇಲೆ ಇದ್ದಕ್ಕಿದ್ದಂತೆ ಮೋಟಾರಿನ ದನಿ ಹಗುರಾಯಿತು. ಕೆಸರಿನಿಂದ ಕಾಲು ಕಿತ್ತುಕೊಂಡ ಎತ್ತಿನ ಹಾಗೆ.

"ಹೊರಗೆ ಬಂತು," ಸಾಗಿನ್ ಉಸಿರು ಬಿಟ್ಟ. "ಯಾರಾದ್ರೂ ನೋಡಬೇಕು, ಅಷ್ಟೇ."

ಯಾರು ನೋಡುತ್ತಾರೆ? ಘಾಟಿಯ ತಿರುವಿನಲ್ಲಿ ರಸ್ತೆ ಕಾಯುವವರ ಒಂದು ಗುಡಿಸಲಿತ್ತು. ನೆತ್ತಿಯಲ್ಲಿ ಕರ್ನಲ್‌ರ ಇಬ್ಬರು ಸೈನಿಕರಿದ್ದರು. ಎರಡು ಕಡೆಯವರಲ್ಲಿ ಯಾರು ಮೊದಲು ಬಂದರೆ ಒಳ್ಳೆಯದು ಎಂದು ನನಗಿನ್ನೂ ಗೊತ್ತಿರಲಿಲ್ಲ.

ಆಗ ನನ್ನ ಟಾರ್ಚಿನ ಬೆಳಕು ಸಾಗಿನ್ ಮುಂದೆ ಸಿಕ್ಕಿಸಿಟ್ಟಿದ್ದ ತಗಡಿನ ಲೋಟದ ಮೇಲೆ ಬಿತ್ತು.

ನಮ್ಮಲ್ಲಿ ಹೊಸದನ್ನು ಮೊದಲ ಸಲ ನೋಡಿದವರು ಬರಿಗೈಯಲ್ಲಿ ಹೋಗುವುದಿಲ್ಲ. ಮಗುವಿರಲಿ, ಮದುಮಗಳಿರಲಿ, ಕಾರಿರಲಿ. ನೋಡಿದ್ದಕ್ಕೆ ಕಾಣಿಕೆ, ಕೊರುಮ್‌ದುಕ್. ಆ ಲೋಟದಲ್ಲಿ ನಾಣ್ಯಗಳಿದ್ದವು, ಮಿಠಾಯಿಯಿತ್ತು, ಯಾರದೋ ಕೆಂಪು ರಿಬ್ಬನ್ನಿತ್ತು. ಬೆಳಗ್ಗೆ ಬೇಡಿ ಬಿಚ್ಚಿದ ಕೂಡಲೇ ಸಾಗಿನ್ ಲೋಟವನ್ನು ನನ್ನ ಮೂಗಿನ ಮುಂದೆ ಹಿಡಿದಿದ್ದ. ತನಿಖೆಗೆ ಬಂದ ನಾನೂ ನೂರು ಸೋಮ್‌ನ ನೋಟು ಹಾಕಿದ್ದೆ. ಹಾಕದಿದ್ದರೆ ನನ್ನ ತಾಯಿ ಸಮಾಧಿಯಿಂದ ಎದ್ದು ಬಂದು ಕೆನ್ನೆಗೆ ಬಾರಿಸುತ್ತಿದ್ದಳು.

ಆಮೇಲೆ ನೆತ್ತಿಯಲ್ಲಿ ಕರ್ನಲ್ ಹತ್ತಿದ್ದರು. ಗಾಡಿಯ ಮೈ ತಟ್ಟಿದರು. "ಇದೇನಾ ಆ ಗಾಡಿ?" ಎಂದರು. ಬೆಂಚಿನಲ್ಲಿ ಕೂತರು.

ಅವರ ಕೈ ಜೇಬಿನ ಕಡೆ ಹೋಗಲಿಲ್ಲ.

"ಬಾಯ್ಕೆ, ಒಂದು ಮಾತು ಕೇಳ್ಲಾ?"

"ಗಾಳಿ ಉಳಿಸು."

"ನನ್ನ ತಮ್ಮನ ಮಗ ಸೈಕಲ್ ತಗೊಂಡಾಗ ನೀವು ದಾರೀಲಿ ಜೀಪ್ ನಿಲ್ಸಿ ಅವನಿಗೆ ಕೊರುಮ್‌ದುಕ್ ಕೊಟ್ರಿ. ಪಕ್ಕದ ಮನೆಯವರ ಕರುಗೂ ಕೊಟ್ರಿ. ಊರೆಲ್ಲ ನಿಮ್ಮ ಕೈ ದೊಡ್ಡದು ಅನ್ನುತ್ತೆ."

"ಅದಕ್ಕೆ?"

"ಇವತ್ತು ಕೊಡ್ಲಿಲ್ಲ. ಈ ಗಾಡಿಗೆ."

"ಮರೆತೆ," ಎಂದರು.

"ನೀವಾ?"

ನಾಲಿಗೆಗೆ ಸುಳ್ಳು ಹೇಳಲು ಕಲಿಸಬಹುದು. ಕೈಗೆ ಕಲಿಸುವುದು ಕಷ್ಟ. ಒಮ್ಮೆ ಕೊಟ್ಟ ಕೈ ಎರಡನೆಯ ಸಲ ತಾನಾಗಿ ಜೇಬಿಗೆ ಇಳಿಯುವುದಿಲ್ಲ.

"ಯಾವಾಗ ಕೊಟ್ರಿ, ಬಾಯ್ಕೆ? ಉಗ್ರಾಣದಲ್ಲಾ? ಕ್ಯಾಮೆರಾ ಬಿಚ್ಚೋಕೆ ಮುಂಚೆನಾ, ಬಿಚ್ಚಿದ ಮೇಲಾ?"

ಸಾಗಿನ್ ಸೀಟಿನಲ್ಲಿ ತಿರುಗಿದ್ದು ಕೇಳಿಸಿತು.

ಕರ್ನಲ್ ನಿಟ್ಟುಸಿರು ಬಿಟ್ಟರು. ಅದರ ಜೊತೆಗೇ ಒಂದು ಸಣ್ಣ ಸದ್ದು... ಪಿಸ್ತೂಲಿನ ಸೇಫ್ಟಿ ಇಳಿಯುವ ಸದ್ದು.

"ನೀನು ಚುರುಕು, ಬುರುಲ್. ನಿಮ್ಮಪ್ಪ ಹಿಂಗಿರ್ಲಿಲ್ಲ. ಟಾರ್ಚ್ ಕೆಳಗಿಡು."

ಇಟ್ಟೆ.

"ಕೊಟ್ಟೆ. ರೈಲಿಂದ ಇಳಿದ ದಿನಾನೇ ಕೊಟ್ಟೆ. ಎಂಥ ಗಾಡಿ ಇದು... ಕ್ಯಾಮೆರಾ ಎಲ್ಲೂ ಹೋಗಿಲ್ಲ. ನನ್ನ ಬಾಮೈದನ ಬೇಟೆ ಕ್ಯಾಂಪಲ್ಲಿದೆ, ತುರಾ-ಬುಲಾಕ್ ಗುಡ್ಡದ ಮೇಲೆ. ಪರದೇಶದವರು ಬರ್ತಾರೆ. ಒಂದು ಕಾಡುಟಗರಿನ ಕೊಂಬಿಗೆ ಅವರು ಕೊಡೋ ದುಡ್ಡಿಗೆ ಮನೆ ಕಟ್ಟಬಹುದು. ಬರೀ ಕಣ್ಣಲ್ಲಿ ನೋಡಿದ್ರೆ ಟಗರು ಎಲ್ಲಿ ಕಾಣುತ್ತೆ? ಮುಕ್ಕಾಲಿ ಮೇಲೆ ಇದನ್ನ ಇಟ್ರೆ ಇಡೀ ಗುಡ್ಡ ಕೈಯಲ್ಲಿ."

"ಟಗರು ಕಾಯೋಕೆ ತಗೊಂಡೋದ್ರಾ?" ಸಾಗಿನ್‌ನ ದನಿ ಬಹಳ ಮೆಲ್ಲಗಿತ್ತು. "ನಸೀಪ್ ತಲೆ ಹೊರಗೆ ಹಾಕಿದ..."

"ನಾನು ಹಾಕು ಅಂದ್ನಾ?" ಕರ್ನಲ್ ನನ್ನ ಕಡೆ ತಿರುಗಿದರು. "ಕೇಳು. ಮೂರು ಜನ ಹೂತೋದ್ವಿ. ಇಬ್ರು ಬದುಕಿ ಬಂದ್ವಿ. ಡ್ರೈವರ್ ಉಳೀಲಿಲ್ಲ. ಅವನ ಜೊತೆ ಕೇಸೂ ಹೋಯ್ತು. ನಿನಗೂ ತೊಂದ್ರೆ ಇಲ್ಲ, ನನಗೂ ಇಲ್ಲ."

"ಈ ಡಬ್ಬೀಲಿ ಗುಂಡು ಹಾರಿಸ್ತೀರಾ? ಎಲ್ಲಾ ಕಡೆ ಉಕ್ಕು. ಅದು ಪುಟಿದು ಬರುತ್ತೆ. ಯಾರು ಕರ್ನಲ್, ಯಾರು ಸಾರ್ಜೆಂಟ್ ಅಂತ ಗುಂಡಿಗೆ ಗೊತ್ತಾಗಲ್ಲ."

"ಹತ್ತಿರದಿಂದ ಹೊಡೆದ್ರೆ ಮೈಯಲ್ಲೇ ಉಳಿಯುತ್ತೆ."

ಅವರು ಮುಂದಕ್ಕೆ ಬಾಗಿದರು. ಪಿಸ್ತೂಲು ನನ್ನ ಮೊಣಕಾಲಿನ ಪಕ್ಕದಿಂದ ಸಾಗಿನ್ ಕಡೆಗೆ ಹೋಗುತ್ತಿತ್ತು.

ನನ್ನ ಕೈ ಇನ್ನೂ ಹಿಡಿಕೆಯ ಮೇಲಿತ್ತು. ಪಕ್ಕಕ್ಕೆ ಒತ್ತಿದೆ. ಪೂರ್ತಿ.

ಮೇಲೆ ನಳಿಗೆ ಹಿಮ ಸೀಳಿತು. ಗೋಪುರ ತಿರುಗಿತು. ಜೊತೆಗೆ ಸೀಟು. ಸೀಟಿನ ಜೊತೆಗೆ ನಾನು... ನನ್ನ ಎರಡೂ ಬೂಟುಗಳು. ಕರ್ನಲ್‌ರ ಮಣಿಕಟ್ಟು ಬೂಟಿಗೂ ಗುಂಡಿನ ಪೆಟ್ಟಿಗೆಗೂ ನಡುವೆ ಸಿಕ್ಕಿತು. ಏನೋ ಲಟಕ್ಕೆಂದಿತು. ಪಿಸ್ತೂಲು ನೆಲಕ್ಕೆ ಬಿತ್ತು. ಸಾಗಿನ್ ಅದರ ಮೇಲೆ ಬಿದ್ದ.

ಎದ್ದಾಗ ಪಿಸ್ತೂಲು ಅವನ ಕೈಯಲ್ಲಿತ್ತು. ಅದರ ಬಾಯಿ ಕರ್ನಲ್‌ರ ಹಣೆಗಿತ್ತು.

"ಕೊಡು," ಎಂದೆ.

"ನಸೀಪ್‌ಗೆ ಇಪ್ಪತ್ತು ವರ್ಷ, ಎಜೆ."

"ಗೊತ್ತು. ಹೊಡೆದ್ರೆ ಇವರು ಹುತಾತ್ಮ, ನೀನು ಕೊಲೆಗಾರ. ಆ ಕ್ಯಾಮೆರಾ ಟಗರು ನೋಡ್ಕೊಂಡು ಅಲ್ಲೇ ಇರುತ್ತೆ. ಕೊಡು."

ಸೇಫ್ಟಿ ಮೇಲೇರಿಸಿದ. ಕೊಟ್ಟ. ಜೇಬಿನಿಂದ ಬೇಡಿ ತೆಗೆದು ಕರ್ನಲ್‌ಗೆ ತೊಡಿಸಿದೆ. ಬೆಳಗ್ಗೆ ಅದು ಬೇರೆಯವನ ಅಳತೆಗಿತ್ತು.

ಸಲಿಕೆಯ ಸದ್ದು ಕೇಳಿಸಿದ್ದು ಆಮೇಲೆ. ಖರ್... ಖರ್... ನಮ್ಮ ನೆತ್ತಿಯ ಮೇಲೇ. ಯಾರು? ನಾನು ಪಿಸ್ತೂಲನ್ನು ಮುಚ್ಚಳದ ಕಡೆ ಹಿಡಿದೆ. ಅದು ಒಂದು ಗೇಣು ತೆರೆಯಿತು. ಬೆಳಕಿನ ಜೊತೆ ಒಂದು ಬಿಳಿ ಗಡ್ಡ ಇಣುಕಿತು. ರಸ್ತೆ ಕಾಯುವ ಬೆಕ್‌ಮುರ್ಜಾ ತಾತ.

"ಯಾರಾದ್ರೂ ಬದುಕಿದ್ದೀರಾ, ಇಲ್ಲ ಸುಮ್ನೆ ಅಗೀತಿದ್ದೀನಾ? ಹಿಮದಿಂದ ಒಂದು ಕೊಳವೆ ಎದ್ದು ಅತ್ತಿತ್ತ ತಿರುಗ್ತು. ಈ ವಯಸ್ಸಲ್ಲಿ ಇದನ್ನೂ ನೋಡಬೇಕಾಯ್ತಾ ಅಂದ್ಕೊಂಡೆ."

"ತಾತ, ನಿಮ್ಮ ಗುಡಿಸಲಲ್ಲಿ ರೇಡಿಯೋ ಇದೆಯಾ?"

"ಇದೆ. ನೆತ್ತಿ ಮೇಲಿಂದ ಇಬ್ರು ಸೋಲ್ಜರ್‌ಗಳೂ ಇಳೀತಾವ್ರೆ. ಜೀಪಿನ ರೇಡಿಯೋ ಹೆಗಲಿಗೆ ಹಾಕ್ಕೊಂಡು."

ಕರ್ನಲ್ ತಲೆ ಎತ್ತಿದರು. ಅವರ ಕಣ್ಣು ನೋಡಿದೆ. ಲೆಕ್ಕ ನನಗೂ ಗೊತ್ತಾಯಿತು. ಅವರ ಒಂದು ಕೂಗು ಆ ಇಬ್ಬರ ಕಿವಿಗೆ ಬಿದ್ದರೆ ಸಾಕು. ರೇಡಿಯೋ ಬಾಮೈದನನ್ನು ಮುಟ್ಟುತ್ತದೆ. ನನ್ನವರು ತುರಾ-ಬುಲಾಕ್ ತಲುಪುವಷ್ಟರಲ್ಲಿ ಗುಡ್ಡದ ಮೇಲೆ ಬರೀ ಮುಕ್ಕಾಲಿ ಇರುತ್ತದೆ. ಸಾಗಿನ್‌ಗೆ ಹದಿನೈದು ವರ್ಷ.

ಹೊರಗೆ ಹೋದರೆ ಸೋಲು.

"ತಾತ, ಮೊದಲು ಹಿಂದಿನ ಹೊಗೆ ಕೊಳವೆಗಳ ಹಿಮ ತೆಗೀರಿ. ಆಮೇಲೆ ಓಡಿ. ಬುರುಲ್ ಹೇಳಿದ್ಲು, ತುರಾ-ಬುಲಾಕ್ ಬೇಟೆ ಕ್ಯಾಂಪಿಗೆ ಈಗಲೇ ಹೋಗಿ, ಮುಕ್ಕಾಲಿ ಮೇಲಿರೋ ಕ್ಯಾಮೆರಾ ಹಿಡೀರಿ ಅಂತ ನನ್ನ ಕಚೇರಿಗೆ ಹೇಳಿ. ಸಿಕ್ತು ಅಂತ ಉತ್ತರ ಬಂದ್ರೆ ಸಲಿಕೆಯಿಂದ ಮೂರು ಸಲ ತಟ್ಟಿ."

"ನೀವು ಹೊರಗೆ ಬರಲ್ವಾ?"

"ಇಲ್ಲೇ ಚೆನ್ನಾಗಿದೆ."

ತಾತ ನನ್ನನ್ನು ನೋಡಿದ, ಬೇಡಿ ಬಿದ್ದ ಕರ್ನಲ್‌ರನ್ನು ನೋಡಿದ. ಏನೂ ಕೇಳಲಿಲ್ಲ. ಘಾಟಿಯಲ್ಲಿ ಬಾಳಿದವರು ಹಾಗೆ.

ಹಿಂದೆ ಸಲಿಕೆಯ ಸದ್ದು ನಿಂತಾಗ ನಾನೇ ಮುಚ್ಚಳ ಎಳೆದು ಒಳಗಿನಿಂದ ಅಗಳಿ ಹಾಕಿದೆ. ಮೇಲೆ ಬೂಟುಗಳ ಸದ್ದು ಹತ್ತಿತು. ಕರ್ನಲ್ ಎದೆ ತುಂಬ ಉಸಿರೆಳೆದುಕೊಂಡರು.

"ಸಾಗಿನ್, ಸ್ಟಾರ್ಟ್."

ಮುನ್ನೂರು ಕುದುರೆಗಳು ಒಟ್ಟಿಗೆ ಕೆನೆದವು. ಉಕ್ಕಿನ ಡಬ್ಬಿ ಅದುರಿತು. ಕರ್ನಲ್‌ರ ಬಾಯಿ ಆಡುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಒಂದು ಮಾತೂ ಕೇಳಿಸಲಿಲ್ಲ. ಮುಚ್ಚಳವನ್ನು ಯಾರೋ ಬಂದೂಕಿನ ಹಿಡಿಯಿಂದ ಗುದ್ದಿದರು. ಅಗಳಿ ಕುಣಿಯಿತು. ಬಿಚ್ಚಲಿಲ್ಲ.

ಹಾಗೆ ಕೂತೆವು. ಇಬ್ಬರು ಹೊರಗೆ ಹೋಗದೆ, ಒಬ್ಬರು ಕೂಗಿದರೂ ಕೇಳಿಸದೆ. ಕರ್ನಲ್ ಕೂಗಿ ಕೂಗಿ ಸೋತರು. ಕೊನೆಗೆ ಬೆಂಚಿಗೆ ಒರಗಿ ಕಣ್ಣು ಮುಚ್ಚಿದರು. ಸಾಗಿನ್ ಡೀಸೆಲ್ ಮುಳ್ಳು ಇಳಿಯುವುದನ್ನೇ ನೋಡುತ್ತಿದ್ದ. ಅದು ಕೆಂಪು ಗೆರೆ ಮುಟ್ಟಿದಾಗ ಅವನು ನನ್ನ ಕಡೆ ತಿರುಗಿದ. ನಾನು ತಲೆ ಅಲ್ಲಾಡಿಸಿದೆ. ನಿಲ್ಲಿಸಬೇಡ.

ಟಣ್. ಟಣ್... ಟಣ್.

ಕ್ಯಾಮೆರಾ ಮುಕ್ಕಾಲಿಯ ಮೇಲೇ ಇತ್ತಂತೆ, ಚಳಿ ತಗಲದಂತೆ ಕಂಬಳಿ ಹೊದ್ದು. ನಂಬರು ಮಾಸ್ಕೋ ಕಳಿಸಿದ್ದೇ. ಬಾಮೈದ ಪೊಲೀಸರಿಗೆ ಚಹಾ ಕೊಟ್ಟು, ನನಗೇನೂ ಗೊತ್ತಿಲ್ಲ, ಎಲ್ಲ ಭಾವನದು ಎಂದನಂತೆ. ಹೆಂಡತಿಯ ತಮ್ಮಂದಿರು ಎಲ್ಲ ಕಡೆ ಒಂದೇ.

ಮುಚ್ಚಳ ತೆಗೆದೆ. ಆ ಇಬ್ಬರು ಸೈನಿಕರು ಕರ್ನಲ್‌ರ ಕೈಯ ಬೇಡಿ ನೋಡಿದರು, ನನ್ನ ಕೈಯ ಪಿಸ್ತೂಲು ನೋಡಿದರು, ರೇಡಿಯೋ ಕೆಳಗಿಟ್ಟರು.

ಕರ್ನಲ್‌ಗೆ ಹನ್ನೆರಡು ವರ್ಷ ಜೈಲಾಯಿತು. ಅವರ ವಕೀಲರು ಅಪೀಲು ಹಾಕಿದ್ದಾರೆ. ವರ್ಷಗಟ್ಟಲೆ ನಡೆಯುತ್ತದೆ. ಸಾಗಿನ್ ಬಿಡುಗಡೆಯಾದ. ಊರಿಗೆ ಹೋಗು ಎಂದರೆ ಕೇಳದೆ ಅದೇ ಠಾಣೆಗೆ, ಅದೇ ಗಾಡಿಗೆ ವಾಪಸಾದ. ಮಂಜು ಬಿದ್ದ ದಿನ ಈಗ ತಲೆ ಹೊರಗೆ ಹಾಕುವವನು ಅವನೇ.

ಕ್ಯಾಮೆರಾ? ಅಪೀಲು ಮುಗಿಯುವವರೆಗೆ ಅದು ಸಾಕ್ಷ್ಯ. ಗಾಡಿಗೆ ಕೂರಿಸುವಂತಿಲ್ಲ. ಕೋರ್ಟಿನ ಕಬ್ಬಿಣದ ಬೀರುವಿನಲ್ಲಿದೆ, ಮೊಹರು ಹಾಕಿ. ಕಗ್ಗತ್ತಲಲ್ಲೂ ಎಲ್ಲ ಕಾಣುತ್ತದೆ ಅದಕ್ಕೆ... ಬೀರುವಿನೊಳಗೆ ನೋಡಲು ಏನೂ ಇಲ್ಲ, ಅಷ್ಟೇ.