ಒಂಬತ್ತು ಹತ್ತಕ್ಕೆ ಬಂದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡು ಎಂಟು ತಿಂಗಳಾಗಿತ್ತು. ಕಂಪ್ಯೂಟರಿಗೆ ಲಾಗಿನ್ ಆಗಿ ಎಂಟು ನಿಮಿಷವಾಗಿತ್ತು.

ಪತ್ತೆಕ್ಕ ಪರದೆಯನ್ನು ಮತ್ತೊಮ್ಮೆ ಓದಿದಳು.

ಹೆಸರು: ಮೇಷ್ಟ್ರು.
ಕೊನೆಯ ಭೇಟಿ: ಮಂಗಳವಾರ, ಬೆಳಿಗ್ಗೆ 9.10.
ಚೀಟಿ: ನಾಳೆ ಮಳೆ ಇಲ್ಲದಿದ್ದರೆ ಬರುತ್ತೇನೆ.

ಚೀಟಿ ಹಳೆಯದೇ. ಆದರೆ ಕೊನೆಯ ಭೇಟಿ ನಿನ್ನೆಯವರೆಗೂ ಎಂಟು ತಿಂಗಳ ಹಿಂದಿನ ಒಂದು ಸಂಜೆ, ಐದೂ ಕಾಲು ಎಂದಿತ್ತು. ಅದೇ ರಾತ್ರಿ ಮೇಷ್ಟ್ರು ನಿದ್ದೆಯಲ್ಲೇ ಹೋಗಿದ್ದರು. ಪತ್ತೆಕ್ಕ ಒಂದು ಕ್ಷಣ, ಒಂದೇ ಕ್ಷಣ, ತಿರುಗಿ ಕಿಟಕಿಯ ಪಕ್ಕದ ಕುರ್ಚಿ ನೋಡಿದಳು. ಕುರ್ಚಿಯ ಮೇಲೆ ಕಾಗದದ ರೀಮುಗಳಿದ್ದವು.

ಆಮೇಲೆ ಅವಳಿಗೆ ಸಿಟ್ಟು ಬಂತು. ಮೇಷ್ಟ್ರ ಮೇಲಲ್ಲ. ಮೇಷ್ಟ್ರಾಗಿ ಬಂದವರ ಮೇಲೆ.

ಆ ಕಾಲೇಜಿನ ಗಣಕ ಕೇಂದ್ರದಲ್ಲಿ ಇದ್ದದ್ದು ಒಂದೇ ದೊಡ್ಡ ಯಂತ್ರ. ಅದಕ್ಕೆ ನಲವತ್ತು ಟರ್ಮಿನಲ್ಲು, ಮುನ್ನೂರು ಬಳಕೆದಾರರು. ತಂತಿಯ ಮೂಲಕ ಊರಿನ ಇನ್ನೂ ಐದು ಕಚೇರಿಗಳ ಯಂತ್ರಗಳ ನೆಂಟಸ್ತಿಕೆ. ಇಷ್ಟು ಜನರಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂದು ಹೇಳಲು ಮೇಷ್ಟ್ರು ಒಂದು ಸಣ್ಣ ಪ್ರೋಗ್ರಾಮ್ ಬರೆದಿದ್ದರು. ಹೆಸರು ‘ಬೆರಳು’. ಯಾರದಾದರೂ ಹೆಸರು ಕೊಟ್ಟರೆ ಅವರು ಕೊನೆಗೆ ಯಾವಾಗ ಬಂದಿದ್ದರು, ಬಾಗಿಲಿಗೆ ಏನು ಚೀಟಿ ಅಂಟಿಸಿ ಹೋಗಿದ್ದಾರೆ ಎಂದು ತೋರಿಸುತ್ತಿತ್ತು. ‘ಸೋಮವಾರದವರೆಗೆ ರಜೆ’, ‘ಊಟಕ್ಕೆ ಹೋಗಿದ್ದೇನೆ’, ಅಂಥ ಚೀಟಿ. ಮೇಷ್ಟ್ರ ನಂತರ ಬೆರಳಿನ ಉಸ್ತುವಾರಿ ಅವರ ಶಿಷ್ಯೆಗೆ ಬಂತು. ಹಾಗಾಗಿಯೇ ಅವಳು ಎಲ್ಲರ ಬಾಯಲ್ಲಿ ಪತ್ತೆಕ್ಕ.

ಈಗ ಬೆರಳಿಗೆ ಹೊಸ ಆವೃತ್ತಿ ಬರಬೇಕಿತ್ತು. ಯಾವ ಯಂತ್ರದಿಂದ ಬಂದರು, ಚೀಟಿ ಬರೆದದ್ದು ಯಾವತ್ತು ಎಂಬುದನ್ನೂ ಅದು ಹೇಳುತ್ತದೆ. ಆರು ತಿಂಗಳಿಂದ ಲಾಗಿನ್ ಆಗದವರನ್ನು ಮಾತ್ರ ತೋರಿಸುವುದಿಲ್ಲ. ಅದು ನಿರ್ದೇಶಕರ ಆಜ್ಞೆ. ಶುಕ್ರವಾರದಿಂದ ಜಾರಿ ಎಂದು ಸೋಮವಾರವೇ ಎಲ್ಲ ಯಂತ್ರಗಳಿಗೂ ಪ್ರಕಟಣೆ ಹೋಗಿತ್ತು.

ಕೆಲಸ ಎರಡು ವಾರದ್ದು. ಪತ್ತೆಕ್ಕ ಅದನ್ನು ಎಂಟು ತಿಂಗಳು ಎಳೆದಿದ್ದಳು. ಯಾಕೆಂದು ಯಾರೂ ಕೇಳಿರಲಿಲ್ಲ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ. ದಿನಾ ಬೆಳಿಗ್ಗೆ ಬಂದು ಮೊದಲು ಮೇಷ್ಟ್ರ ಹೆಸರಿಗೆ ಬೆರಳು ಹಾಕುತ್ತಿದ್ದಳು, ಅಷ್ಟೆ.

* * *

“ಸತ್ತವರು ಬರಲ್ಲ. ಅರ್ಥ ಆಯ್ತಲ್ಲ?” ಎಂದರು ನಿರ್ದೇಶಕರು. ಅವರ ಮಾತು ಹೆಚ್ಚಾಗಿ ಆ ಬಾಲದಲ್ಲೇ ಮುಗಿಯುತ್ತಿತ್ತು.

“ಆಯ್ತು ಸರ್.”

“ಅದೇ ಯಂತ್ರದಲ್ಲಿ ಪರೀಕ್ಷೆಯ ಅಂಕಪಟ್ಟಿ ಇದೆ. ಶುಕ್ರವಾರ ಫಲಿತಾಂಶ. ಯಾರೋ ಒಳಗೆ ಬಂದು ಅಂಕ ತಿದ್ದಿದ್ರೆ?”

“ಬಂದವರು ಒಂದು ನಿಮಿಷ ಇದ್ದು ಹೋಗಿದ್ದಾರೆ ಸರ್. ಒಂದು ಕಡತಾನೂ ತೆರೆದಿಲ್ಲ.”

“ಕಳ್ಳ ಏನೂ ಕದೀಲಿಲ್ಲ ಅಂದ್ರೆ, ಜಾಗ ನೋಡ್ಕೊಂಡು ಹೋಗೋಕೆ ಬಂದಿದ್ದ ಅಂತ ಅರ್ಥ.” ಅವರು ಕನ್ನಡಕ ತೆಗೆದರು. “ಆ ನಿಮ್ಮ ಗಿಳಿ ಎಲ್ಲಿದ್ದ ಒಂಬತ್ತು ಹತ್ತಕ್ಕೆ?”

ಗಿಳಿ ಯಂತ್ರದ ಕೋಣೆಯ ಆಪರೇಟರ್. ಯಂತ್ರದ ದಾಖಲೆಗಳನ್ನು ದಿನಾ ಟೇಪಿಗೆ ನಕಲು ಮಾಡಿಡುವುದು ಅವನ ಕೆಲಸ. ಕೇಳಿದ ದನಿಯನ್ನೆಲ್ಲ ನಕಲು ಮಾಡುತ್ತಿದ್ದ. ವಾರ್ಷಿಕೋತ್ಸವದಲ್ಲಿ ಮೇಷ್ಟ್ರ ಕೆಮ್ಮಿನಿಂದ ನಿರ್ದೇಶಕರ ಬಾಲದವರೆಗೆ ಎಲ್ಲವನ್ನೂ ಮಾಡಿ ತೋರಿಸಿದ್ದ. ಸಭೆ ಬಿದ್ದು ಬಿದ್ದು ನಕ್ಕಿತ್ತು. ಒಬ್ಬರು ನಕ್ಕಿರಲಿಲ್ಲ.

“ಶುಕ್ರವಾರದೊಳಗೆ ಬೇರೆ ಯಾರೂಂತ ಗೊತ್ತಾಗದೆ ಇದ್ರೆ, ಅವನು ಸೋಮವಾರದಿಂದ ಬರೋದು ಬೇಡ. ಅರ್ಥ ಆಯ್ತಲ್ಲ?”

* * *

ಕುಂಬಳಕಾಯಿ ಕಳ್ಳ ಎಂದರೆ ಗಿಳಿ ಹೆಗಲು ಮುಟ್ಟಿಕೊಳ್ಳುವುದು ಮಾತ್ರವಲ್ಲ, ಹೆಗಲನ್ನೇ ಬಿಚ್ಚಿ ತೋರಿಸುವ ಜಾತಿ.

“ಅಕ್ಕಾ, ನಾನು ಟೇಪ್ ಬದಲಾಯಿಸ್ತಿದ್ದೆ, ದೇವರಾಣೆ. ಒಬ್ಬನೇ ಇದ್ದೆ. ಅಯ್ಯೋ, ಒಬ್ಬನೇ ಇದ್ದೆ ಅಂದ್ರೆ ಸಾಕ್ಷೀನೇ ಇಲ್ವಲ್ಲ!”

“ಮೇಷ್ಟ್ರ ಪಾಸ್‌ವರ್ಡ್ ಗೊತ್ತಾ ನಿಂಗೆ?”

“ನನ್ನದೇ ನೆನಪಿರಲ್ಲ. ವಾರಕ್ಕೆರಡು ಸಲ ನೀವೇ ಬದಲಾಯಿಸಿ ಕೊಡ್ತೀರಿ.”

ಅದು ನಿಜ.

“ಮೇಷ್ಟ್ರ ಮಾತು ನಕಲು ಮಾಡ್ತೀನಿ ಅಕ್ಕ, ಮೇಷ್ಟ್ರನ್ನಲ್ಲ,” ಎಂದ ಗಿಳಿ. ಅವನ ದನಿ ಮೊದಲ ಬಾರಿಗೆ ಅವನದೇ ಆಗಿತ್ತು. “ಮನೇಲಿ ಮಗು ಇನ್ನೂ ಮೂರು ತಿಂಗಳದು. ಪಂಜರ ತೆರೆದಿಟ್ರೂ ನಾನು ಹಾರಿ ಹೋಗಲ್ಲ. ಅವರಿಗೆ ಹೇಳಿ.”

ಬುಧವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಮೇಷ್ಟ್ರು ಮತ್ತೆ ಬಂದರು. ಒಂದೇ ನಿಮಿಷ. ಗಿಳಿ ಆಗಲೂ ಟೇಪಿನ ಕೋಣೆಯಲ್ಲಿದ್ದ. ಆಗಲೂ ಒಬ್ಬನೇ.

* * *

ಮೇಷ್ಟ್ರ ತಂಗಿಗೆ ಮಾರುಕಟ್ಟೆಯ ಮೂಲೆಯಲ್ಲಿ ಕನ್ನಡಕದ ಅಂಗಡಿ. ಅಣ್ಣನ ಸಾಮಾನೆಲ್ಲ ಅವರ ಬಳಿಯೇ ಇತ್ತು. ಪತ್ತೆಕ್ಕ ಕೇಳಿದ್ದೇ ತಡ, ಡ್ರಾಯರಿನಿಂದ ಒಂದು ನೀಲಿ ಪುಸ್ತಕ ತೆಗೆದರು. ಅದರಲ್ಲಿ ಪಾಸ್‌ವರ್ಡಿತ್ತು!

ಪತ್ತೆಕ್ಕ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. “ಇದನ್ನ ಯಾರಿಗಾದ್ರೂ ತೋರಿಸಿದ್ರಾ?”

“ಯಾರು ಕೇಳ್ತಾರಮ್ಮ? ಮದುವೆಯಾಗದವನ ಪುಸ್ತಕ, ಮಕ್ಕಳಿಲ್ಲದವನ ಕನ್ನಡಕ. ಎರಡೂ ಡ್ರಾಯರಲ್ಲೇ ಇರೋದು.”

ಅವರು ಒಂದು ಗಾಜನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಆ ದಿನ ಸಂಜೆ ಹೊಸ ಶರ್ಟಿಗೆ ತಾನೇ ಇಸ್ತ್ರಿ ಹಾಕ್ಕೊಂಡ. ಜೀವಮಾನದಲ್ಲಿ ಇಸ್ತ್ರಿಪೆಟ್ಟಿಗೆ ಮುಟ್ಟಿದವನಲ್ಲ. ಎಲ್ಲಿಗೋ ಸವಾರಿ ಅಂದೆ. ‘ನಾಳೆ ಮಳೆ ಬರದೆ ಇದ್ರೆ ಹೇಳ್ತೀನಿ’ ಅಂದ. ಮಾರನೇ ದಿನ ಅದೇ ಶರ್ಟು ಹಾಕಿ ಕಳಿಸಿದ್ವಿ.”

ಕೇಂದ್ರಕ್ಕೆ ಬಂದು ಪತ್ತೆಕ್ಕ ಆ ಪಾಸ್‌ವರ್ಡ್ ಹಾಕಿ ನೋಡಿದಳು. ಯಂತ್ರ ಒಪ್ಪಲಿಲ್ಲ. ಮೇಷ್ಟ್ರು ಅದನ್ನು ಎಂದೋ ಬದಲಾಯಿಸಿದ್ದರು. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಆದರೆ ಶರ್ಟು ಮನಸ್ಸಿನಿಂದ ಇಳಿಯಲಿಲ್ಲ. ‘ಮಳೆ ಇಲ್ಲದಿದ್ದರೆ ಬರುತ್ತೇನೆ.’ ಅದನ್ನು ಆಫೀಸಿಗೆ ಬರುವ ಮಾತೆಂದೇ ಎಲ್ಲರೂ ತಿಳಿದಿದ್ದರು. ಮೇಷ್ಟ್ರು ಮಳೆಗೆ ರಜೆ ಹಾಕಿದ್ದು ಯಾವತ್ತು? ಕೊಡೆ ಮುರಿದ ದಿನವೂ ತಲೆಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ಬಂದಿದ್ದವರು.

ಈ ಮಾತು ಆಫೀಸಿಗಲ್ಲ. ಮತ್ಯಾರಿಗೆ?

* * *

ಗುರುವಾರ ಅವಳು ಬಾಗಿಲು ಹಾಕಿಕೊಂಡು ಕೂತಳು.

ಯಾರು ಎಲ್ಲಿಂದ ಬಂದರೆಂದು ಯಂತ್ರ ತನ್ನ ದಾಖಲೆಯಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಆದರೆ ಅದು ಯಂತ್ರದ ಲಿಪಿ, ಮನುಷ್ಯರ ಕಣ್ಣಿಗೆ ಬರೀ ಕಸ. ಅದನ್ನು ಓದಿ ಹೇಳುವ ಭಾಗವನ್ನು ಮೇಷ್ಟ್ರು ಅರ್ಧಕ್ಕೆ ಬಿಟ್ಟು ಹೋಗಿದ್ದರು. ಎಂಟು ತಿಂಗಳಿಂದ ಅವಳು ಮುಟ್ಟದೆ ಇದ್ದದ್ದು ಅದನ್ನೇ. ಅದು ಮುಗಿದರೆ ಹೊಸ ಬೆರಳು ಸಿದ್ಧ. ಹೊಸ ಬೆರಳು ಬಂದರೆ ಮೇಷ್ಟ್ರು ಕಾಣುವುದಿಲ್ಲ.

ಬರೆದಳು. ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಮೇಷ್ಟ್ರ ಹೆಸರು ಕೊಟ್ಟಳು.

ಎಲ್ಲಿಂದ: ಹವಾಮಾನ ಕಚೇರಿ.
ಚೀಟಿ ಬರೆದದ್ದು: ಎಂಟು ತಿಂಗಳ ಹಿಂದಿನ ಆ ತಾರೀಕು, ಸಂಜೆ 5.17.

ಹವಾಮಾನ ಕಚೇರಿ ಊರಿನ ಇನ್ನೊಂದು ತುದಿ. ಅಲ್ಲಿನ ಯಂತ್ರಕ್ಕೆ ಹೊಸ ಬೆರಳು ಚಾಚಿದಳು. ನಾಲ್ಕು ಹೆಸರು ಬಂತು. ಒಬ್ಬರದು ‘ರಜೆ’. ಇಬ್ಬರದು ಖಾಲಿ. ನಾಲ್ಕನೆಯದು, ಮಳೆಮಾಪಕ ಓದುವ ಗುಮಾಸ್ತೆಯದು:

ಚೀಟಿ: ಮಳೆ ಇಲ್ಲ. ಬನ್ನಿ.

ಕಿಟಕಿಯ ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಬರೆದದ್ದು ಯಾವತ್ತು? ಅದೇ ತಾರೀಕು, ಸಂಜೆ 5.31.

ದಿನಾ ಮಳೆ ಅಳೆಯುವ ಹೆಂಗಸು ಎಂಟು ತಿಂಗಳಿಂದ ‘ಮಳೆ ಇಲ್ಲ’ ಎನ್ನುತ್ತಿದ್ದಾಳೆ.

ಉಳಿದದ್ದು ಒಂದೇ ಪ್ರಶ್ನೆ. ಪಾಸ್‌ವರ್ಡ್ ಇಲ್ಲದೆ ಒಳಗೆ ಬಂದದ್ದು ಹೇಗೆ? ಪತ್ತೆಕ್ಕ ಹಣೆ ಚಚ್ಚಿಕೊಂಡಳು. ಬೀಗದ ಕೈ ಯಾರ ಬಳಿ ಇದೆ ಎಂದು ಮೂರು ದಿನ ಹುಡುಕಿದವಳು, ಬೀಗ ಹಾಕಿದೆಯೇ ಎಂದು ನೋಡಿರಲಿಲ್ಲ. ಯಾವ ಬಳಕೆದಾರನೂ ತನ್ನ ಜಾಗದಲ್ಲಿ ಒಂದು ಕಡತ ಇಡಬಹುದು: ಇಂಥ ಯಂತ್ರದಿಂದ ಇಂಥವರು ಬಂದರೆ ಕೇಳದೆ ಒಳಗೆ ಬಿಡು, ಎಂದು. ಮೇಷ್ಟ್ರ ಜಾಗದಲ್ಲಿ ಆ ಕಡತ ಇತ್ತು. ಅದರಲ್ಲಿ ಒಂದೇ ಹೆಸರಿತ್ತು.

* * *

ಹವಾಮಾನ ಕಚೇರಿಗೆ ಮಾನವಿತ್ತು, ಹವೆ ಇರಲಿಲ್ಲ. ಕಿಟಕಿಗಳೆಲ್ಲ ಭದ್ರ. ಗುಮಾಸ್ತೆಗೆ ಐವತ್ತರ ಆಸುಪಾಸು. ಒದ್ದೆ ಚಪ್ಪಲಿ, ಕೈಯಲ್ಲಿ ಅಳತೆಯ ಗಾಜಿನ ಕೊಳವೆ.

“ಗಣಕ ಕೇಂದ್ರದಿಂದ ಬಂದಿದೀನಿ,” ಎಂದಳು ಪತ್ತೆಕ್ಕ.

ಅವರು ಕೊಳವೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. “ಬರ್ತೀರಿ ಅಂತ ಗೊತ್ತಿತ್ತು. ಕೂತ್ಕೊಳ್ಳಿ.”

“ಎಂಟೂವರೆಗೆ ಮಳೆ ಅಳೀತೀರಿ. ಒಂಬತ್ತಕ್ಕೆ ಲೆಕ್ಕ ಕಳಿಸ್ತೀರಿ. ಆಮೇಲೆ ಬಿಡುವು. ಅದಕ್ಕೇ ಒಂಬತ್ತು ಹತ್ತು, ಅಲ್ವಾ?”

“ಅವರು ಚೀಟಿ ಬದಲಾಯಿಸ್ತಿದ್ದ ಹೊತ್ತೂ ಅದೇ. ಹನ್ನೊಂದು ವರ್ಷ. ಒಂದು ದಿನ ‘ಕುಂಬಳದ ಬಳ್ಳಿ ಪಕ್ಕದ ಮನೆಗೆ ಓಡಿಹೋಯಿತು’ ಅಂತ ಹಾಕೋರು. ನಾನು ‘ಬಳ್ಳಿಗೆ ವಯಸ್ಸಾಗಿದೆ, ಒಪ್ಪಿಸಿಬಿಡಿ’ ಅಂತ ಹಾಕ್ತಿದ್ದೆ. ಊರೆಲ್ಲ ಓದಬಹುದಿತ್ತು. ಯಾರಿಗೂ ಗೊತ್ತಾಗ್ಲಿಲ್ಲ.”

“ಭೇಟಿ?”

“ಆಗಿಲ್ಲ. ಆ ಶನಿವಾರ ಆಗಬೇಕಿತ್ತು.” ಅವರು ಸೆರಗಿನಿಂದ ಮೇಜಿನ ನೀರು ಒರೆಸಿದರು. “ಮಳೆ ಬರಲ್ಲ ಅಂತ ನಾನೇ ಹೇಳಿದ್ದೆ. ಬರಲೂ ಇಲ್ಲ. ಆ ದಿನದ ಅಳತೆ ಸೊನ್ನೆ. ಸಂಜೆವರೆಗೂ ಗೇಟಿನ ಹತ್ರ ಇದ್ದೆ. ಸೋಮವಾರ ಯಾರೋ ಫೋನಲ್ಲಿ ಹೇಳಿದ್ರು.”

ಗುಮಾಸ್ತೆ ಒದ್ದೆ ಸೆರಗನ್ನು ಹಿಂಡಿದರು.

“ನಿಮ್ಮ ಪ್ರಕಟಣೆ ಬಂತು. ಆರು ತಿಂಗಳು ಬಾರದವರನ್ನ ತೋರಿಸಲ್ಲ ಅಂತ. ಒಂದು ಸಲ ಅವರ ಹೆಸರಲ್ಲಿ ಬಂದು ಹೋದ್ರೆ ಉಳೀತಾರಲ್ಲ ಅನ್ನಿಸ್ತು. ಪಾಸ್‌ವರ್ಡ್ ಕೇಳತ್ತೆ, ಏನಾದ್ರೂ ಊಹೆ ಮಾಡೋಣ ಅಂತ ಕೂತೆ. ಕೇಳಲೇ ಇಲ್ಲ ಕಣಮ್ಮ. ಸುಮ್ನೆ ಒಳಗೆ ಬಿಟ್ಟುಬಿಡ್ತು.”

“ನಿಮ್ಮನ್ನ ಕೇಳದೆ ಒಳಗೆ ಬಿಡು ಅಂತ ಮೇಷ್ಟ್ರು ಒಂದು ಕಡತ ಇಟ್ಟಿದ್ರು. ಅದಕ್ಕೆ ಆರು ವರ್ಷ ಆಗಿದೆ ಮೇಡಂ.”

“ಆರು...” ಅವರು ಬೆರಳು ಮಡಚಿ ಎಣಿಸಹೋಗಿ ನಿಲ್ಲಿಸಿದರು. “ಆರು ವರ್ಷ ತೆರೆದಿತ್ತಾ? ಹೇಳಬಾರದಾ, ಮಾರಾಯ?”

ಆ ಕೊನೆಯ ಮಾತು ಪತ್ತೆಕ್ಕನಿಗಲ್ಲ.

“ಒಂದು ಸಲ ಸಾಕಿತ್ತಲ್ಲ ಮೇಡಂ. ಬುಧವಾರ ಮತ್ತೆ ಯಾಕೆ ಬಂದ್ರಿ?”

ಗುಮಾಸ್ತೆ ಕಿಟಕಿಯ ಕಡೆ ತಿರುಗಿದರು.

“ಮಂಗಳವಾರ ಒಳಗೆ ಹೋದಾಗ ಯಂತ್ರ ‘ನಿಮ್ಮ ಕೊನೆಯ ಭೇಟಿ’ ಅಂತ ಅವರ ಆ ಸಂಜೆ ತೋರಿಸ್ತು. ಐದೂ ಕಾಲು. ಅದನ್ನ ಇನ್ನೊಂದು ಸಲ ನೋಡೋಣ ಅಂತ ಬುಧವಾರ ಹೋದೆ. ಅಲ್ಲಿ ಮಂಗಳವಾರ ಒಂಬತ್ತು ಹತ್ತು ಅಂತಿತ್ತು. ನಂದು.” ಅವರು ಕೊಳವೆಯನ್ನು ಮತ್ತೆ ಕೈಗೆತ್ತಿಕೊಂಡರು. “ಅವರ ಹೆಸರು ಉಳಿಸೋಕೆ ಹೋದೆ. ಅವರು ಕೊನೆಗೆ ಬಿಟ್ಟುಹೋದ ಗಳಿಗೇನ ನಾನೇ ಒರೆಸಿಬಿಟ್ಟೆ.”

* * *

“ಅಂಕಪಟ್ಟಿ?” ಶುಕ್ರವಾರ ಬೆಳಿಗ್ಗೆ ನಿರ್ದೇಶಕರ ಮೊದಲ ಪ್ರಶ್ನೆ.

“ಯಾರೂ ಮುಟ್ಟಿಲ್ಲ ಸರ್. ಎರಡು ಭೇಟಿಯೂ ಹವಾಮಾನ ಕಚೇರಿಯಿಂದ. ಗಿಳಿ ಆಗಿದ್ರೆ ‘ಎಲ್ಲಿಂದ’ ಅನ್ನೋದರ ಮುಂದೆ ನಮ್ಮದೇ ಕೇಂದ್ರ ಬರ್ತಿತ್ತು. ಆ ಚೀಟಿಗೆ ಉತ್ತರ ಬರೆದವರೇ ಬಂದದ್ದು.”

ಅವಳು ಎಲ್ಲವನ್ನೂ ಹೇಳಿದಳು. ನಿರ್ದೇಶಕರು ಕನ್ನಡಕ ತೆಗೆದರು, ಹಾಕಿದರು, ತೆಗೆದರು.

“ಆ ಬಾಗಿಲು ಮುಚ್ಚಿ.”

“ಮುಚ್ಚಿದೀನಿ ಸರ್. ಆ ಕಡತ ತೆಗೆದೆ. ಇನ್ನು ಯಾರೂ ಮೇಷ್ಟ್ರಾಗಿ ಬರಲ್ಲ.”

“ಹೆಸರು? ನಮ್ಮ ನಿಯಮ ಇದೆಯಲ್ಲ, ಆರು ತಿಂಗಳು.”

“ಪಟ್ಟಿ ಕೇಳಿದವರಿಗೆ ಕಾಣಲ್ಲ ಸರ್. ಹೆಸರು ಹಿಡಿದು ಕೇಳಿದವರಿಗೆ ಮಾತ್ರ ಕಾಣತ್ತೆ. ಹಾಗೆ ಬರೆದಿದೀನಿ.”

ಅವರು ಅವಳನ್ನೇ ನೋಡಿದರು. “ಆ ಹೆಂಗಸಿಗೆ ಒಂದು ಎಚ್ಚರಿಕೆ ಪತ್ರ ಹೋಗಬೇಕು. ನೀವೇ ಬರೀರಿ.” ಬಾಗಿಲವರೆಗೆ ಹೋದವಳನ್ನು ಮತ್ತೆ ಕರೆದರು. “ಗಟ್ಟಿಯಾಗಿ ಬೇಡ. ಅರ್ಥ...”

ಬಾಲ ಬರಲಿಲ್ಲ.

ಹೊರಗೆ ಗಿಳಿ ಕಾಯುತ್ತಿದ್ದ. ಪತ್ತೆಕ್ಕ ಕಣ್ಣಲ್ಲೇ ‘ಆಯ್ತು’ ಎಂದಳು. ಅವನು ಗೋಡೆಗೆ ಒರಗಿ ಉಸಿರು ಬಿಟ್ಟ. ಯಾರ ನಕಲೂ ಮಾಡಲಿಲ್ಲ.

“ಭಾನುವಾರದ ಟೇಪ್ ತಾ. ಅದರಲ್ಲಿ ಮೇಷ್ಟ್ರ ಹಳೇ ದಾಖಲೆ ಇರತ್ತೆ.”

ಆ ಎರಡು ಭೇಟಿಗಳನ್ನು ಅವಳು ತನಿಖೆಯ ಕಡತಕ್ಕೆ ಹಾಕಿದಳು. ಮೇಷ್ಟ್ರ ಹೆಸರಿನ ಮುಂದೆ ಟೇಪಿನಲ್ಲಿದ್ದ ಸಾಲನ್ನು ಇಟ್ಟಳು. ಹೊಸ ಬೆರಳು ಜಾರಿಯಾಯಿತು. ಹೆಸರು ಹಿಡಿದು ಕೇಳಿದಳು.

ಕೊನೆಯ ಭೇಟಿ: ಅದೇ ತಾರೀಕು, ಸಂಜೆ 5.15.
ಚೀಟಿ: ನಾಳೆ ಮಳೆ ಇಲ್ಲದಿದ್ದರೆ ಬರುತ್ತೇನೆ.

ಹೊರಗೆ ಮಳೆ ನಿಂತಿರಲಿಲ್ಲ. ಅವಳು ಊರಿನ ಆ ತುದಿಯ ಗುಮಾಸ್ತೆಯ ಹೆಸರನ್ನೂ ಕೇಳಿದಳು. ಎಂಟು ತಿಂಗಳ ನಂತರ ಚೀಟಿ ಬದಲಾಗಿತ್ತು. ಬರೆದದ್ದು ಇಂದು, ಬೆಳಿಗ್ಗೆ 9.10.

ಚೀಟಿ: ಮಳೆ ಜೋರಾಗಿದೆ. ನಿಧಾನವಾಗಿ ಬನ್ನಿ.