ಅರಗಿನ ಸಾಕ್ಷಿ

"ಒತ್ರಿ, ಹೆದರಬ್ಯಾಡ್ರಿ. ಕಚ್ಚೂದಿಲ್ಲ ಅದು," ಎಂದರು ವಿಜ್ಞಾನಿ ಶಾಂಭವಿ ಗುಡಗೇರಿ.

ಗ್ರಾಫಿಕ್ಸ್ ಕಾರ್ಡ್ ಕಂಪನಿಯ ಪ್ರತಿನಿಧಿ ಅನಿರುದ್ಧ, ಮೇಜಿನ ಮೇಲಿದ್ದ ಖಾಲಿ ಬೋರ್ಡಿನ ಮೇಲೆ ಅನುಮಾನದಿಂದಲೇ ಹೆಬ್ಬೆರಳು ಒತ್ತಿದ. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಶಾಂಭವಿ ನೇರಳೆ ದೀಪ ಹಚ್ಚಿದೊಡನೆ ಅವನ ಹೆಬ್ಬೆರಳಿನ ಗುರುತು ತಿಳಿಹಳದಿಯಾಗಿ ಮೂಡಿತು. ಅವನು ಕರವಸ್ತ್ರ ತೆಗೆದು ಉಜ್ಜಿದ. ಹೋಗಲಿಲ್ಲ. ಗ್ರಾಹಕರ ಆಯೋಗದ ಸಭಾಂಗಣದಲ್ಲಿ ಹಿಂದಿನ ಸಾಲಿನವರೆಲ್ಲ ಎದ್ದು ನಿಂತು ನೋಡಿದರು.

ಮುಂದಿನ ಸಾಲಿನಲ್ಲಿದ್ದ ಮಹಾನಂದಾ ಬೆಂಡಿಗೇರಿ ಮಾತ್ರ ಏಳಲಿಲ್ಲ. ಇವತ್ತಿನ ತಕರಾರು ಅವಳು ಜೋಡಿಸಿದ ಯಂತ್ರದ್ದೇ.

ಆ ಬೋರ್ಡಿಗೆ ಬಳಿದಿದ್ದ, ಶಾಂಭವಿ ಕಂಡುಹಿಡಿದ ಲೇಪಕ್ಕೆ ಹುಬ್ಬಳ್ಳಿಯ ಮಂದಿ 'ನೆನಪಿನ ಅರಗು' ಎಂದು ಹೆಸರಿಟ್ಟಿದ್ದರು. ಬಳೆಗೆ ಬಳಸುವ ಅರಗನ್ನೇ ಸೋಸಿ, ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳನ್ನು ಬೆರೆಸಿದ ಪಾರದರ್ಶಕ ಪದರ ಅದು. ಮಿತಿಮೀರಿದ ಶಾಖ, ಒತ್ತಡ, ದಾರಿ ತಪ್ಪಿದ ವಿದ್ಯುತ್ತು, ಯಾವುದು ತಾಗಿದರೂ ಆ ಜಾಗದ ಹರಳು ತಿರುಚಿಕೊಳ್ಳುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ತಿರುಚಿದ ಹರಳಿನ ಬಣ್ಣ ದಿನ ಕಳೆದಂತೆ ಗಾಢವಾಗುತ್ತ ಹೋಗುತ್ತದೆ. ಹೊಸ ಪೆಟ್ಟು ಹಳದಿ, ಹಳೆಯ ಪೆಟ್ಟು ಕಪ್ಪು. ಏನಾಯಿತು ಎಂಬುದರ ಜೊತೆಗೆ ಯಾವುದು ಮೊದಲು ಆಯಿತು ಎಂಬುದನ್ನೂ ಅರಗು ಹೇಳಿಬಿಡುತ್ತದೆ.

ಮಹಾನಂದಾ ಬಿಡಿಭಾಗಗಳನ್ನು ತಂದು ಗಿರಾಕಿಗೆ ಬೇಕಾದಂತೆ ಕಂಪ್ಯೂಟರ್ ಜೋಡಿಸಿಕೊಡುವವಳು. ಅಂಥ ಯಂತ್ರದಲ್ಲಿ ಒಂದೊಂದು ಭಾಗ ಒಂದೊಂದು ಕಂಪನಿಯದು, ಒಂದೊಂದಕ್ಕೂ ಅದರದೇ ವಾರಂಟಿ. ಯಂತ್ರ ಓಡುವಷ್ಟು ಕಾಲ ಎಲ್ಲ ಕಂಪನಿಗಳೂ ಬೀಗರಂತೆ ನಗುನಗುತ್ತಾ ಇರುತ್ತವೆ. ಕೆಟ್ಟಿತೋ, ಕಾರ್ಡಿನವರು ಪವರ್ ಸಪ್ಲೈ ಕಡೆ ಕೈ ತೋರಿಸುತ್ತಾರೆ, ಪವರ್ ಸಪ್ಲೈಯವರು ಮದರ್‌ಬೋರ್ಡ್ ಕಡೆ, ಮದರ್‌ಬೋರ್ಡಿನವರು ಜೋಡಿಸಿದವರ ಕಡೆ. ಎಲ್ಲ ಬೆರಳುಗಳೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಮಹಾನಂದಾಳ ಮುಂದೆ.

ಈ ಸಲ ಸತ್ತದ್ದು ಇಳಕಲ್ಲಿನ ನೇಕಾರ ಹೆಣ್ಣುಮಕ್ಕಳ ಸಂಘದ ಯಂತ್ರ. ಸೀರೆಯ ಸೆರಗಿಗೆ ಹೊಸ ಹೊಸ ವಿನ್ಯಾಸ ಬರೆಯಲು ಅವರು ಕೇಳಿ ಮಾಡಿಸಿಕೊಂಡಿದ್ದರು. ಶಾಂಭವಿ ಪರೀಕ್ಷೆಗೆಂದು ಕೊಟ್ಟಿದ್ದ ಅರಗನ್ನು ಮಹಾನಂದಾ ಜೋಡಿಸುವಾಗಲೇ ಒಳಗಿನ ಎಲ್ಲ ಭಾಗಗಳಿಗೂ ಬಳಿದಿದ್ದಳು. ಖಂಡೇನವಮಿಗೆ, ಅಂದರೆ ಆಯುಧಪೂಜೆಯ ದಿನ, ತಾನು ಜೋಡಿಸಿದ ಯಂತ್ರಗಳಿದ್ದಲ್ಲಿಗೇ ಹೋಗಿ ಪೂಜೆ ಮಾಡಿ ಬರುವುದು ಅವಳ ಪದ್ಧತಿ. ಇಳಕಲ್ಲಿಗೂ ಹೋದಳು. ಹೊರಗಿನ ತಗಡಿನ ಡಬ್ಬಿಗೆ ಪೂಜೆ ಮಾಡಿದರೆ ಏನು ಬಂತೆಂದು ಪಕ್ಕದ ಮುಚ್ಚಳ ತೆಗೆದು, ತೆರೆಯ ಮೇಲೆ ಚಿತ್ರ ಮೂಡಿಸಲು ದುಡಿಯುವ ಗ್ರಾಫಿಕ್ಸ್ ಕಾರ್ಡಿಗೇ ಕುಂಕುಮ ಹಚ್ಚಿದಳು. ದೀಪಾವಳಿಯ ಹೊತ್ತಿಗೆ ಕಾರ್ಡು ಸುಟ್ಟುಹೋಯಿತು.

'ಒಳಗೆ ಕೆಂಪು ಪುಡಿ ಸಿಕ್ಕಿದೆ, ತಪ್ಪು ಬಳಸಿದವರದು, ವಾರಂಟಿ ಇಲ್ಲ' ಎಂದಿತು ಕಂಪನಿ. ಅಷ್ಟಕ್ಕೇ ಬಿಡಲಿಲ್ಲ. ಕೈಯಲ್ಲಿ ಜೋಡಿಸಿದ ಯಂತ್ರಗಳ ಬಿಡಿಭಾಗಗಳಿಗೆ ಇನ್ನು ವಾರಂಟಿಯೇ ಬೇಡವೆಂದು ಆಯೋಗವನ್ನು ಕೇಳಿಕೊಂಡಿತು. ಆಯೋಗ ಹೂಂ ಎಂದರೆ ಮಹಾನಂದಾಳ ಅಂಗಡಿಯಷ್ಟೇ ಅಲ್ಲ, ಹಿಂದಿನ ಸಾಲಿನಲ್ಲಿ ಕುಳಿತಿದ್ದ, ಅವಳಂತೆಯೇ ಯಂತ್ರ ಜೋಡಿಸುವ ಗಲ್ಲಿಯವರೆಲ್ಲರ ಕಸುಬೂ ಮುಳುಗುತ್ತಿತ್ತು.

ಒಳಗೆ ಬರುವ ಮುಂಚೆ ಶಾಂಭವಿ ಅವಳನ್ನು ಪಕ್ಕಕ್ಕೆ ಕರೆದಿದ್ದರು. "ಮಹಾನಂದಕ್ಕಾ, ಈಗ ಹೇಳಿಬಿಡ್ತೀನಿ. ಅರಗಿಗೆ ನಮ್ಮವ್ರು, ನಿಮ್ಮವ್ರು ಅಂತಿಲ್ಲ. ತಪ್ಪು ನಿಮ್ದಿದ್ರ ನಿಮ್ದ ಅಂತ ತೋರಸ್ತೈತಿ. ಬ್ಯಾಡಂದ್ರ ದೀಪ ಹಚ್ಚೂದಿಲ್ಲ."

"ಹಚ್ರಿ ಮೇಡಂ," ಎಂದಿದ್ದಳು ಮಹಾನಂದಾ. "ಕುಂಕುಮ ಹಚ್ಚಿದ ಕೈ ನಂದ. ಆ ಹೆಣ್ಣುಮಕ್ಕಳ ಕೆಲಸ ನಿಂತಿದ್ದು ನನ್ನಿಂದನ ಅಂದ್ರ ನನಗೂ ಗೊತ್ತಾಗ್ಲಿ."

ಧೈರ್ಯವಾಗಿ ಹೇಳಿದ್ದೇನೋ ನಿಜ. ಈಗ ಶಾಂಭವಿ ಸತ್ತ ಕಾರ್ಡನ್ನು ದೀಪದಡಿ ಇಟ್ಟಾಗ ಅವಳು ಕುಂಕುಮ ಹಚ್ಚಿದ ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡಳು.

ಗೋಡೆಯ ಪರದೆಯ ಮೇಲೆ ಕಾರ್ಡು ದೊಡ್ಡದಾಗಿ ಕಾಣಿಸಿತು. ಕುಂಕುಮವಿದ್ದ ಕಡೆ ಬೆರಳ ತುದಿಯಷ್ಟು ತಿಳಿಕಂದು ಬೊಟ್ಟು. ಶಾಂಭವಿ ಕಾರ್ಡನ್ನು ಮಗುಚಿದರು. ಚಿಪ್‌ನ ನೇರ ಹಿಂಬದಿಗೆ, ಕುಂಕುಮದ ಬೆರಳು ತಾಗದ ಕಡೆ, ಕಾಡಿಗೆಯಂಥ ಕಪ್ಪು ವೃತ್ತವೊಂದಿತ್ತು.

"ಇದು ಶಾಖ. ಕುಂಕುಮದ ಬೊಟ್ಟಿಗಿಂತ ಎಷ್ಟೋ ಹಳೇದು," ಎಂದರು ಶಾಂಭವಿ. "ಯಂತ್ರ ಓಡಾಕ ಹತ್ತಿದ ಹೊಸದರಾಗನ ಇಲ್ಲಿ ಸುಡಾಕ ಹತ್ತೈತಿ. ಹಿಂಗ ಗುಂಡಗ ಸುಟ್ಟೈತಂದ್ರ ಚಿಪ್ ಬೆಸುಗಿ ಒಳಗ ಗಾಳಿ ಗುಳ್ಳೆ ಉಳದಿತ್ತು, ಕಾರ್ಖಾನ್ಯಾಗನ. ಕುಂಕುಮದ ಕಡೆ ಬೆರಳು ಒತ್ತಿದ ಗುರುತಷ್ಟ, ಸುತ್ತ ವಿದ್ಯುತ್ ಹರಿದ ಗುರುತಿಲ್ಲ. ಪವರ್ ಸಪ್ಲೈನೂ ಮದರ್‌ಬೋರ್ಡೂ ಸ್ವಚ್ಛ ಅದಾವು."

ಮಹಾನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅನಿರುದ್ಧ ಪರದೆಯ ಮೂಲೆಗೆ ಬೊಟ್ಟು ಮಾಡಿದ.

"ಆ ಸ್ಕ್ರೂ ಸುತ್ತ ಒಂದು ಉಂಗುರ ಇದೆಯಲ್ಲ ಮೇಡಂ? ಅದೂ ಕಪ್ಪಗೇ ಇದೆ. ಅದರ ಬಗ್ಗೆ ನೀವೇನೂ ಹೇಳ್ಲೇ ಇಲ್ವಲ್ಲ!"

ಶಾಂಭವಿ ಬಾಯಿ ತೆರೆಯುವ ಮುಂಚೆಯೇ ಮಹಾನಂದಾ ಎದ್ದು ನಿಂತಳು.

"ಅದು ನಂದ್ರಿ. ಸ್ಕ್ರೂ ಭಾಳ ಬಿಗಿ ಮಾಡೀನಿ. ಇಳಕಲ್ ತನಕ ರಸ್ತಾ ಸುಮಾರೈತಿ, ಸಡಲಾದೀತಂತ ಹೆದರಿ ತಿರುವಿದ್ದೆ."

"ಅದರಿಂದ ಕಾರ್ಡ್ ಕೆಟ್ಟಿದೆಯಾ?" ಎಂದು ಆಯೋಗದ ಅಧ್ಯಕ್ಷೆ ಕೇಳಿದರು.

"ಇಲ್ಲ ಮೇಡಂ. ಉಂಗುರಕ್ಕೂ ಸುಟ್ಟ ಜಾಗಕ್ಕೂ ನಡುವಿನ ಅರಗು ತಿಳಿಯಾಗೇ ಐತಿ. ಆ ಒತ್ತಡ ಅಲ್ಲಿ ತನಕ ಹೋಗೇ ಇಲ್ಲ. ನೀವ ನೋಡ್ರಿ," ಎಂದರು ಶಾಂಭವಿ.

ಅಧ್ಯಕ್ಷೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ಇಷ್ಟು ವಿಚಾರಣೆ ನಡೆದರೂ ತಮ್ಮದನ್ನು ತಮ್ಮದು ಅಂತ ಒಪ್ಪಿಕೊಂಡವರು ಇವರೊಬ್ಬರೇ," ಎಂದರು. ಆಮೇಲೆ ತೀರ್ಪು ಹೇಳಿದರು. ಸಂಘಕ್ಕೆ ಹೊಸ ಕಾರ್ಡು ಕೊಡಬೇಕು. ಕಂಪನಿಯ ಬೇಡಿಕೆ ವಜಾ. ಅರಗು ಬಳಿದ ಯಂತ್ರಕ್ಕೆ ಇನ್ನು ಮುಂದೆ ವಾರಂಟಿ ಇಲ್ಲವೆನ್ನುವವರು ಮೊದಲು ಅರಗಿನ ಸಾಕ್ಷಿ ತೋರಿಸಬೇಕು.

ಹಿಂದಿನ ಸಾಲಿನವರು ಹೋ ಎಂದು ಕೂಗಿದ್ದಕ್ಕೆ ಜವಾನ ಬಂದು ಗದರಿದ. ಯಾರು ಕೇಳುತ್ತಾರೆ? ಇಳಕಲ್ಲಿನಿಂದ ಬಂದಿದ್ದ ಹೆಣ್ಣುಮಕ್ಕಳು ಮಹಾನಂದಾಳನ್ನು ಹೊತ್ತುಕೊಂಡೇ ಮೆಟ್ಟಿಲು ಇಳಿಯಲು ಹೊರಟಿದ್ದರು. "ಏ ಬಿಡ್ರೆವಾ, ಬಿದ್ದು ಮುರದ್ರ ನನಗ ವಾರಂಟಿ ಇಲ್ಲ!" ಎಂದು ಅವಳು ನಗುತ್ತ ಬಿಡಿಸಿಕೊಂಡಳು. ಅನಿರುದ್ಧ ಹೊರಗೆ ಶಾಂಭವಿಯವರನ್ನು ಕಾಯುತ್ತ ನಿಂತಿದ್ದ. ಆ ದೀಪವೂ ಒಂದಿಷ್ಟು ಅರಗೂ ತಮ್ಮ ಕಾರ್ಖಾನೆಗೆ ಸಿಕ್ಕೀತೇ ಎಂದು ಮೆಲ್ಲಗೆ ಕೇಳಿದ. ಮುಂದೆ ಆ ಕಾರ್ಖಾನೆಯ ಬೆಸುಗೆಯಲ್ಲಿ ಗುಳ್ಳೆ ಕಾಣಿಸಿಕೊಳ್ಳಲಿಲ್ಲ.

ಅರಗು ಕಂಪ್ಯೂಟರಿಗಷ್ಟೇ ನಿಲ್ಲಲಿಲ್ಲ. ನೀರೆತ್ತುವ ಪಂಪಿಗೆ, ಲಿಫ್ಟಿಗೆ, ಸೇತುವೆಯ ಕಂಬಕ್ಕೆ ಬಂತು. ಕೆಲವು ಗುತ್ತಿಗೆದಾರರಿಗೆ ನಿದ್ದೆ ಕಡಿಮೆಯಾಯಿತು. ಉಳಿದವರೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡಿದರು. ಮಹಾನಂದಾ ಮಾತ್ರ ಖಂಡೇನವಮಿಯ ಪೂಜೆ ಬಿಡಲಿಲ್ಲ. ಈಗ ಮುಚ್ಚಳ ತೆಗೆಯುವುದಿಲ್ಲ, ಹೊರಗಿನ ಡಬ್ಬಿಗೇ ಕುಂಕುಮ ಹಚ್ಚುತ್ತಾಳೆ. ಡಬ್ಬಿಗೂ ಅರಗು ಬಳಿದಿದ್ದಾಳೆ. ಇಳಕಲ್ಲಿನ ಯಂತ್ರದ ಮೇಲೆ ನೇರಳೆ ದೀಪ ಹಿಡಿದರೆ ಅವಳ ಬೆರಳಿನ ಬೊಟ್ಟುಗಳು ಕಪ್ಪಿನಿಂದ ಹಳದಿಯವರೆಗೆ ಸಾಲಾಗಿ ಕಾಣುತ್ತವೆ.

ಇದೆಲ್ಲ ಮುಂದೆ ಬರುವ ಕಾಲದ ಮಾತು. ಈಗ ನಮ್ಮ ಮೇಜಿನ ಕೆಳಗೆ ಗುಂಯ್‌ಗುಡುವ ಡಬ್ಬಿಗೆ ಅರಗಿಲ್ಲ, ನೆನಪಿಲ್ಲ. ನಾಳೆ ಅದು ಸತ್ತರೆ ಯಾರ ಕೈಯಿಂದ ಸತ್ತಿತೆಂದು ಹೇಳಲು ಅದಕ್ಕೆ ಬಾಯಿಯೂ ಇಲ್ಲ. ಅರಗು ಬರುವ ತನಕ, ಎದ್ದು ನಿಂತು 'ಅದು ನಂದ್ರಿ' ಎನ್ನುವ ಒಬ್ಬರಾದರೂ ನಮ್ಮ ನಡುವೆ ಇರಬೇಕು.